ಮುನೀಮರ ಕಿರ್ದಿ ಮತ್ತು ನಾನು ತೆರೆದಿಟ್ಟ ಬಾಗಿಲು

2023ರ ಜನವರಿ. ನಮ್ಮ ಕಡೆ ತೊಗರಿ ರಾಶಿಯ ಸಮಯ. ನಾನು ಬೆಂಗಳೂರಿನಲ್ಲಿ ಬೆಳಗಿನ ಮೀಟಿಂಗಿನಲ್ಲಿ ಕೂತಿದ್ದೆ. ನಿಂಬರ್ಗಾದಿಂದ ಮಾಮಾನ ಫೋನು. ಎರಡು ಸಲ ಕಟ್ ಮಾಡಿದೆ, ಮೂರನೇ ಸಲ ಎತ್ತಲೇಬೇಕಾಯಿತು.

“ಅಳಿಯಾ, ಕಂಪ್ಯೂಟರ್‌ದಾಗಿನ ಲೆಕ್ಕ ಒಂದೂ ತೆರೀವಲ್ದು. ಏನೋ ಇಂಗ್ಲಿಷ್‌ದಾಗ ಬರದು ರೊಕ್ಕ ಕೇಳ್ಲಾಕತ್ತಾರ. ಏನ್ ಮಾಡ್ಲಿ?”

ಮಾಮಾಂದು ಬೀಜ-ಗೊಬ್ಬರದ ಅಂಗಡಿ. ಮುಂಗಾರಿಗೆ ಉದ್ರಿ ಕೊಡೋದು, ತೊಗರಿ ಮಾರಿದ ಮೇಲೆ ವಸೂಲಿ ಮಾಡೋದು. ಯಾರು ಎಷ್ಟು ಕೊಡಬೇಕು ಅನ್ನೋ ಪಟ್ಟಿಯೇ ಅವನ ಆಸ್ತಿ. ಸರಿಯಾಗಿ ವಸೂಲಿಯ ತಿಂಗಳಲ್ಲೇ ಆ ಪಟ್ಟಿಗೆ ಯಾರೋ ಬೀಗ ಜಡಿದಿದ್ದರು. ಇದಕ್ಕೆ ನಾವು ರಾನ್ಸಮ್‌ವೇರ್ ಅಂತೀವಿ: ಫೈಲುಗಳನ್ನು ಗೂಢಲಿಪಿಗೆ ಬದಲಿಸಿ, ಬೀಗದ ಕೈಗೆ ದುಡ್ಡು ಕೇಳುವ ದಂಧೆ.

ಮಾಮಾ ಕೊನೆಗೆ ಕೇಳಿದ ಪ್ರಶ್ನೆ ನನ್ನನ್ನು ಬಹಳ ದಿನ ಬಿಡಲಿಲ್ಲ. “ನಮ್ಮಂಥ ಸಣ್ಣ ಅಂಗಡಿ ಮ್ಯಾಲ ಯಾರ ಕಣ್ಣು ಬಿತ್ತೋ?”

ಉತ್ತರ ಹುಡುಕುತ್ತಾ ನಾನು ಕಂಪ್ಯೂಟರಿಗಿಂತಲೂ ಹಿಂದಕ್ಕೆ ಹೋದೆ. 1834ರ ಫ್ರಾನ್ಸ್. ಆಗ ವಿದ್ಯುತ್ ತಂತಿ ಇನ್ನೂ ಇರಲಿಲ್ಲ. ಗೋಪುರದಿಂದ ಗೋಪುರಕ್ಕೆ ಮರದ ತೋಳುಗಳನ್ನು ಆಡಿಸಿ ಸರ್ಕಾರಿ ಸಂದೇಶ ಕಳಿಸುತ್ತಿದ್ದರು. ಬೋರ್ಡೋ ಊರಿನ ಬ್ಲಾಂಕ್ ಸಹೋದರರು ಸರ್ಕಾರಿ ಬಾಂಡುಗಳ ವ್ಯಾಪಾರಿಗಳು. ಪ್ಯಾರಿಸ್‌ನ ಬೆಲೆ ಅವರ ಊರಿಗೆ ಕುದುರೆಗಾಡಿಯ ಅಂಚೆಯಲ್ಲಿ ಬರುವಷ್ಟರಲ್ಲಿ ದಿನಗಳು ಕಳೆಯುತ್ತಿದ್ದವು. ಅವರು ನಡುದಾರಿಯ ತೂರ್ ಊರಿನ ಟೆಲಿಗ್ರಾಫ್ ನೌಕರನಿಗೆ ಲಂಚ ಕೊಟ್ಟು, ಸರ್ಕಾರಿ ಸಂದೇಶದೊಳಗೆ ಬೇಕಂತಲೇ ಒಂದು ತಪ್ಪು ಸಂಕೇತ ಸೇರಿಸಿಸಿದರು. ಆ ‘ತಪ್ಪು’ ನೋಡಿದರೆ ಬೆಲೆ ಏರಿದೆಯೋ ಇಳಿದಿದೆಯೋ ಅಂತ ಗೊತ್ತಾಗುತ್ತಿತ್ತು. ಎರಡು ವರ್ಷ ಹೀಗೇ ನಡೆದು 1836ರಲ್ಲಿ ಬಯಲಾಯಿತು. ವಿಚಾರಣೆಯೂ ಆಯಿತು. ಆದರೆ ಟೆಲಿಗ್ರಾಫ್ ದುರ್ಬಳಕೆಗೆ ಅಂತ ಕಾನೂನೇ ಇರಲಿಲ್ಲ, ಅಣ್ಣತಮ್ಮ ಪಾರಾದರು. ಕಳ್ಳ ತಿಜೋರಿಗೆ ಕೈ ಹಾಕಿರಲಿಲ್ಲ, ಸಂದೇಶ ಹೋಗುವ ದಾರಿಗೆ ಕೈ ಹಾಕಿದ್ದ. ಕಾನೂನು ಆಮೇಲೆ ಬಂತು.

ಮುಂದಿನ ಕಥೆ ನಮ್ಮ ಪಕ್ಕದ್ದೇ. 1986ರಲ್ಲಿ ಲಾಹೋರಿನಲ್ಲಿ ಸಣ್ಣ ಕಂಪ್ಯೂಟರ್ ಅಂಗಡಿ ನಡೆಸುತ್ತಿದ್ದ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಸಹೋದರರು ‘ಬ್ರೇನ್’ ಅನ್ನೋ ಪ್ರೋಗ್ರಾಮ್ ಬರೆದರು. ತಮ್ಮ ಸಾಫ್ಟ್‌ವೇರನ್ನು ಜನ ಪುಕ್ಕಟೆ ಕಾಪಿ ಮಾಡ್ಕೋಬಾರದು ಅನ್ನೋದು ಅವರ ಉದ್ದೇಶ. ಒಳಗೆ ತಮ್ಮ ಹೆಸರು, ವಿಳಾಸ, ಫೋನ್ ನಂಬರನ್ನೂ ಹಾಕಿದ್ದರು! ಅದು ಫ್ಲಾಪಿಯಿಂದ ಫ್ಲಾಪಿಗೆ ಹತ್ತಿ ಅಮೆರಿಕ, ಬ್ರಿಟನ್ನಿನವರೆಗೂ ಹೋಯಿತು. ಐಬಿಎಂ ಪಿಸಿಗಳಲ್ಲಿ ಹರಡಿದ ಮೊದಲ ವೈರಸ್ ಅಂತ ಈಗ ಅದಕ್ಕೆ ಹೆಸರು. ಹುಟ್ಟಿದ್ದು ಮಾತ್ರ ಒಂದು ಸಣ್ಣ ಅಂಗಡಿಯ ಆತ್ಮರಕ್ಷಣೆಗೆ.

ದುಡ್ಡು ಕೇಳುವ ಚಾಳಿ ಶುರುವಾದದ್ದು 1989ರ ಡಿಸೆಂಬರಿನಲ್ಲಿ. ಏಡ್ಸ್ ರೋಗದ ಮಾಹಿತಿ ಅಂತ ಹೇಳಿಕೊಂಡ ಸುಮಾರು 20,000 ಫ್ಲಾಪಿಗಳು ಅಂಚೆಯಲ್ಲಿ ಹಲವು ದೇಶಗಳಿಗೆ ಹೋದವು. ಕಂಪ್ಯೂಟರನ್ನು ತೊಂಬತ್ತು ಸಲ ಚಾಲು ಮಾಡಿದ ಮೇಲೆ ಫೈಲುಗಳ ಹೆಸರು ಗೂಢಲಿಪಿಯಾಗುತ್ತಿತ್ತು. ಸರಿಪಡಿಸೋಕೆ ಪನಾಮಾದ ಒಂದು ಅಂಚೆಪೆಟ್ಟಿಗೆಗೆ 189 ಡಾಲರ್ ಕಳಿಸಬೇಕಿತ್ತು. ಬೀಗ ಕಚ್ಚಾ ಇತ್ತು, ಬೇಗನೆ ಬಿಡಿಸಿದರು. ಮಾಡಿದವನು ಜೋಸೆಫ್ ಪಾಪ್ ಅನ್ನೋ ಜೀವವಿಜ್ಞಾನಿ, ಸಿಕ್ಕಿಬಿದ್ದ. ಅಂಚೆಪೆಟ್ಟಿಗೆಗೆ ವಿಳಾಸ ಇರುತ್ತೆ, ಪೊಲೀಸರು ಕಾಯಬಹುದು. ಬಿಟ್‌ಕಾಯಿನ್ ಬಂದ ಮೇಲೆ ಆ ಭಯವೂ ಕಡಿಮೆಯಾಯಿತು. 2017ರ ಮೇ 12ರಂದು ವಾನಾಕ್ರೈ ಹರಡಿದಾಗ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು ಸಿಕ್ಕಿಬಿದ್ದವು. ಬ್ರಿಟನ್ನಿನ ಆಸ್ಪತ್ರೆಗಳೂ ಅದರಲ್ಲಿದ್ದವು. ಅದು ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆಯೇ, ಮಾರ್ಚ್ 14ಕ್ಕೆ, ತೇಪೆ ಕೊಟ್ಟಿತ್ತು. ಹಾಕ್ಕೊಳ್ಳದವರ ಕಂಪ್ಯೂಟರಿಗೆ ಅದು ತಾನಾಗೇ ಹತ್ತಿತು. ಯಾರ ಹೆಸರನ್ನೂ ಕೇಳಲಿಲ್ಲ.

ಮಾಮಾನ ಪ್ರಶ್ನೆಗೆ ಉತ್ತರ ಇಲ್ಲೇ ಇತ್ತು. ಅವನ ಅಂಗಡಿ ಮೇಲೆ ಯಾರ ಕಣ್ಣೂ ಬಿದ್ದಿರಲಿಲ್ಲ. ಬಲೆ ಬೀಸುವವನು ಮೀನಿನ ಹೆಸರು ಕೇಳೋದಿಲ್ಲ.

ಹಾಗಾದರೆ ಬಲೆಗೆ ಸಿಕ್ಕಿದ್ದು ಹೇಗೆ? ಇದನ್ನು ಬರೆಯೋಕೆ ಕಷ್ಟ ಆಗ್ತದೆ. 2020ರ ಲಾಕ್‌ಡೌನಿನಲ್ಲಿ, ಬೆಂಗಳೂರಿನಿಂದಲೇ ಮಾಮಾನ ಲೆಕ್ಕ ಸರಿಮಾಡಿ ಕೊಡೋಣ ಅಂತ ಆ ಕಂಪ್ಯೂಟರಿಗೆ ರಿಮೋಟ್ ಡೆಸ್ಕ್‌ಟಾಪ್ ಹಾಕಿ ಇಂಟರ್‌ನೆಟ್ಟಿಗೆ ತೆರೆದಿಟ್ಟವನು ನಾನು. ಪಾಸ್‌ವರ್ಡ್? ಅಂಗಡಿಯ ಹೆಸರು, ಮುಂದೆ ಒಂದು-ಎರಡು-ಮೂರು. ಹೀಗೆ ತೆರೆದ ಬಾಗಿಲುಗಳನ್ನು ಹುಡುಕುತ್ತಾ, ಪಾಸ್‌ವರ್ಡ್ ಊಹಿಸುತ್ತಾ ಹಗಲೂರಾತ್ರಿ ಪ್ರೋಗ್ರಾಮುಗಳು ಓಡುತ್ತಲೇ ಇರುತ್ತವೆ ಅಂತ ನನಗೆ ಗೊತ್ತಿತ್ತು. ಆಫೀಸಿನಲ್ಲಿ ಜೂನಿಯರುಗಳಿಗೆ ಅದನ್ನೇ ಹೇಳಿಕೊಡ್ತಿದ್ದೆ. ಬ್ಯಾಕಪ್ ಹಾರ್ಡ್ ಡಿಸ್ಕನ್ನು ಸದಾ ಸಿಕ್ಕಿಸಿಯೇ ಇಡು ಅಂದವನೂ ನಾನೇ. ಲೆಕ್ಕದ ಜೊತೆ ಅದಕ್ಕೂ ಬೀಗ ಬಿದ್ದಿತ್ತು.

ಇಲ್ಲಿ ನಮ್ಮ ನಾಡಿನ ಹಳೆಯ ಸಂಗತಿಯೊಂದು ನೆನಪಾಗುತ್ತೆ. ಇಂಗ್ಲಿಷಿನ ‘ಫೈಲ್’ಗೆ ನಾವು ‘ಕಡತ’ ಅಂತೀವಲ್ಲ, ಆ ಕಡತ ಹಿಂದೆ ನಿಜವಾದ ವಸ್ತು. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಹಚ್ಚಿ ಕಪ್ಪು ಹಲಗೆಯಂತೆ ಮಾಡಿ, ಮಡಚಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ವ್ಯಾಪಾರಿಗಳೂ ಮಠಗಳೂ ಇದನ್ನು ಬಳಸಿದವು. ಶೃಂಗೇರಿ ಮಠದ ಕಡತಗಳು ಇವತ್ತಿಗೂ ಇತಿಹಾಸಕಾರರಿಗೆ ಆಕರ. ಬಳಪದ ಬರಹ ಅಳಿಸಬಹುದು. ಅದಕ್ಕೇ ದಾನದಂಥ ದೊಡ್ಡ ವ್ಯವಹಾರ ತಾಮ್ರಕ್ಕೋ ಕಲ್ಲಿಗೋ ಹೋಗುತ್ತಿತ್ತು. ತಾಮ್ರದ ಹಲಗೆಗಳನ್ನು ಬಳೆಗೆ ಪೋಣಿಸಿ ಮುದ್ರೆ ಒತ್ತುತ್ತಿದ್ದರು. ಆದರೂ ನಕಲಿ ತಾಮ್ರಶಾಸನ ಹುಟ್ಟಿದವು. ಅವುಗಳನ್ನು ಅಸಲಿಯಿಂದ ಬೇರೆ ಮಾಡೋದೇ ಜೆ.ಎಫ್. ಫ್ಲೀಟ್‌ರಂಥ ಶಾಸನತಜ್ಞರಿಗೆ ದೊಡ್ಡ ಕೆಲಸವಾಯಿತು. ಯಾವ ಕಾಲದಲ್ಲೂ ಒಂದೇ ದಾಖಲೆಯನ್ನು ನಂಬಿ ಕೂತವನಿಗೆ ಕಷ್ಟವೇ.

ಮಾಮಾನನ್ನು ಉಳಿಸಿದ್ದೂ ಕಂಪ್ಯೂಟರಿನಾಚೆಯ ದಾಖಲೆಗಳೇ. ಮೊದಲು ಇಂಟರ್‌ನೆಟ್ ವೈರ್ ಕಿತ್ತೆವು. ಬೇಡಿಕೆಯ ಪರದೆಯ ಫೋಟೋ ತೆಗೆದು ಕಲಬುರಗಿಯ ಸಿಇಎನ್ ಠಾಣೆಗೆ ದೂರು ಕೊಟ್ಟೆವು. ದುಡ್ಡು ಕಟ್ಟಲಿಲ್ಲ, ಕಟ್ಟಿದರೂ ಬೀಗದ ಕೈ ಸಿಗುತ್ತೆ ಅನ್ನೋ ಖಾತ್ರಿ ಇರಲಿಲ್ಲ. ಪೊಲೀಸರೂ ಕಂಪನಿಗಳೂ ಸೇರಿ 2016ರಲ್ಲಿ ಶುರು ಮಾಡಿದ ‘ನೋ ಮೋರ್ ರಾನ್ಸಮ್’ ತಾಣದಲ್ಲಿ ಪುಕ್ಕಟೆ ಕೀಲಿಗಳು ಸಿಗ್ತವೆ, ನಮ್ಮ ಬೀಗಕ್ಕೆ ಸಿಗಲಿಲ್ಲ. ಹೊಸ ಡಿಸ್ಕ್ ಹಾಕಿ ಮೊದಲಿಂದ ಕಟ್ಟಿದೆವು. ಖರೀದಿ ಲೆಕ್ಕ ಜಿಎಸ್‌ಟಿ ತಾಣದ 2ಬಿಯಿಂದ ಬಂತು, ಗೊಬ್ಬರ ಮಾರಿದ್ದು ಪಿಒಎಸ್ ಮಷೀನಿನ ದಾಖಲೆಯಿಂದ, ಜಮಾ ಆದದ್ದು ಬ್ಯಾಂಕಿನ ಸ್ಟೇಟ್‌ಮೆಂಟಿನಿಂದ.

ಉದ್ರಿ? ಅದು ಯಾವ ಸರ್ವರಿನಲ್ಲೂ ಇರಲಿಲ್ಲ. ಆಗ ಮುನೀಮರು ಒಳಗಿಂದ ಕೆಂಪು ಬಟ್ಟೆಯಲ್ಲಿ ಸುತ್ತಿದ ಕಿರ್ದಿ ತಂದಿಟ್ಟರು. ಕಂಪ್ಯೂಟರ್ ಬಂದ ಮೇಲೂ ದಿನಾ ಸಂಜೆ ಅದರಲ್ಲಿ ಬರೀತಾನೇ ಇದ್ದರು. ಅವರ ಮೋಡಿ ಅಕ್ಷರ ಓದೋಕೆ ಅವರೇ ಬೇಕು. ಅವರು ಓದಿದರು, ನಾನು ಟೈಪ್ ಮಾಡಿದೆ, ರಜೆ ಹಾಕಿ ಎಂಟು ದಿನ. ಬಿಟ್ಟುಹೋದ ಬಾಕಿಗಳನ್ನು ಕೆಲವು ರೈತರು ತಾವೇ ಬಂದು ಬರೆಸಿದರು. ಕೆಲವರು ಬರಲಿಲ್ಲ, ಆ ರೊಕ್ಕ ಹೋಯಿತು.

ನಮಗೆ ಆದದ್ದೇನೂ ವಿಶೇಷ ಅಲ್ಲ. 2001ರಲ್ಲೇ ಬೆಂಗಳೂರಿನಲ್ಲಿ ದೇಶದ ಮೊದಲ ಸೈಬರ್ ಅಪರಾಧ ಠಾಣೆ ಶುರುವಾದ ರಾಜ್ಯ ನಮ್ಮದು. ಅಂಥ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ತಾಣದಿಂದಲೇ 2019ರಲ್ಲಿ ಸುಮಾರು 11.5 ಕೋಟಿ ರೂಪಾಯಿ ಕಳವಾಯಿತು. ಅದು ಟೆಂಡರ್ ಹಾಕಿದವರು ಕಟ್ಟಿದ ಠೇವಣಿ. 2024ರ ಜುಲೈ ಕೊನೆಗೆ ಸಿ-ಎಡ್ಜ್ ಅನ್ನೋ ತಂತ್ರಜ್ಞಾನ ಕಂಪನಿಗೆ ರಾನ್ಸಮ್‌ವೇರ್ ತಗುಲಿದಾಗ, ಅದನ್ನು ನಂಬಿದ್ದ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ನಿಂತಿತ್ತು. ಬೀಗ ಎಷ್ಟೇ ಗಟ್ಟಿಯಿದ್ದರೂ ಒಮ್ಮೊಮ್ಮೆ ಮುರಿಯುತ್ತೆ. ಮುರಿದ ಮೇಲೆ ಏನು ಉಳಿದಿರುತ್ತೆ ಅನ್ನೋದನ್ನ ಮೊದಲೇ ನೋಡ್ಕೋಬೇಕು.

ನಿಮ್ಮ ಊರಲ್ಲೂ ಅಪ್ಪಂದೋ ಕಾಕಾಂದೋ ಅಂಗಡಿ ಇದ್ದರೆ, ಮುಂದಿನ ಹಬ್ಬಕ್ಕೆ ಹೋದಾಗ ಒಂದು ಗಂಟೆ ಆ ಕಂಪ್ಯೂಟರಿನ ಮುಂದೆ ಕೂತ್ಕೊಳ್ಳಿ. ತೆರೆದಿಟ್ಟ ರಿಮೋಟ್ ಬಾಗಿಲು ಮುಚ್ಚಿ. ಅಪ್‌ಡೇಟ್ ಹಾಕಿ. ಪಾಸ್‌ವರ್ಡ್ ಬದಲಿಸಿ, ಒಟಿಪಿಯ ಎರಡನೇ ಬೀಗ ಸೇರಿಸಿ. ಎರಡು ಡಿಸ್ಕಿನಲ್ಲಿ ಬ್ಯಾಕಪ್ ತೆಗೆದು ಒಂದನ್ನು ಕಿತ್ತು ಮನೆಯಲ್ಲಿಡಿ. ಅದರಿಂದ ಲೆಕ್ಕ ನಿಜವಾಗಿ ತೆರೆಯುತ್ತಾ ಅಂತಲೂ ನೋಡಿ. ಖಾತೆಯಿಂದ ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು ಅಂತ ಗಲ್ಲಾದ ಮೇಲೆ ಬರೆದು ಅಂಟಿಸಿ.

ಬೆಂಗಳೂರಿಗೆ ಹೊರಡುವ ಹಿಂದಿನ ರಾತ್ರಿ ಮಾಮಾನಿಗೆ ಎಲ್ಲ ಹೇಳಿದೆ. ಬಾಗಿಲು ತೆರೆದಿಟ್ಟವನು ನಾನೇ ಅಂತ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

“ಕಿರ್ದಿ ಬರಿಯೋದು ಬಿಡ್ರಿ ಅಂತ ಮುನೀಮರಿಗೆ ಹೇಳ್ದೋನೂ ನೀನೇ ಅಲ್ಲಾ?” ಅಂದ. “ಛಲೋ ಆತು, ಅವ್ರು ನಿನ್ನ ಮಾತು ಕೇಳಿಲ್ಲ.”