ಗೆಟ್ಟಿಸ್‌ಬರ್ಗ್ ರಣಭೂಮಿಯ ಚಕ್ಕುಬಂದಿ

ಕೋಟೆಗೆ ಗೋಡೆಯಿರುತ್ತದೆ, ದೇಗುಲಕ್ಕೆ ಪ್ರಾಕಾರವಿರುತ್ತದೆ. ಎರಡು ಸೇನೆಗಳು ಬಯಲಿನಲ್ಲಿ ಕಾದಾಡಿದ ನೆಲಕ್ಕೆ ಮಾತ್ರ ತಾನಾಗಿ ಒದಗಿಬಂದ ಎಲ್ಲೆ ಎಂಬುದಿಲ್ಲ. ಕಾಳಗ ಮುಗಿದ ಕೆಲವೇ ವಾರಗಳಲ್ಲಿ ಆ ನೆಲ ಮತ್ತೆ ಹೊಲವೋ ತೋಪೋ ದಾರಿಯೋ ಆಗತೊಡಗುವುದರಿಂದ, ಅದನ್ನು ಉಳಿಸಬೇಕೆನ್ನುವವರು ಮೊದಲು ಅದರ ಚಕ್ಕುಬಂದಿಯನ್ನು ಬರೆಯಬೇಕಾಗುತ್ತದೆ, ಎಂದರೆ ಕ್ರಯಪತ್ರದಲ್ಲಿ ಬರೆಯುವಂತೆ ಮೂಡಲಿಗೆ ಇಂಥದ್ದು, ಪಡುವಲಿಗೆ ಇಂಥದ್ದು ಎಂದು ನಾಲ್ಕು ದಿಕ್ಕಿನ ಗುರುತುಗಳನ್ನು ಗೊತ್ತುಮಾಡಬೇಕಾಗುತ್ತದೆ. ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಗೆಟ್ಟಿಸ್‌ಬರ್ಗ್ ಎಂಬ ಸಣ್ಣ ಊರಿನ ಸುತ್ತ 1863ರಲ್ಲಿ ನಡೆದ ಕಾಳಗದ ನೆಲಕ್ಕೆ ಈ ಚಕ್ಕುಬಂದಿಯನ್ನು ನೂರೈವತ್ತು ವರ್ಷಗಳ ಅವಧಿಯಲ್ಲಿ ಮತ್ತೆ ಮತ್ತೆ ತಿದ್ದಿ ಬರೆಯಲಾಗಿದೆ. ಎಲ್ಲೆ ಸರಿದಂತೆಲ್ಲ ಕಾಳಗವೆಂದರೆ ಯಾವುದು, ಅದರ ಕಥೆಯಲ್ಲಿ ಯಾರು ಯಾರಿಗೆ ಜಾಗವುಂಟು ಎಂಬ ತಿಳಿವಳಿಕೆಯೂ ಸರಿದಿದೆ; ಹಾಗಾಗಿ ಆ ಉದ್ಯಾನದ ಗಡಿಯ ಚರಿತ್ರೆಯನ್ನು ಕಾಳಗದ ಚರಿತ್ರೆಯ ಮುಂದಿನ ಅಧ್ಯಾಯವೆಂದೇ ಓದಬೇಕಾಗುತ್ತದೆ.

ಗುಲಾಮಗಿರಿಯನ್ನು ಉಳಿಸಿಕೊಳ್ಳಲು ದೇಶದಿಂದ ಬೇರೆಯಾಗಹೊರಟ ದಕ್ಷಿಣದ ರಾಜ್ಯಗಳಿಗೂ ಒಕ್ಕೂಟ ಒಡೆಯಬಾರದೆಂದು ನಿಂತ ಉತ್ತರದ ರಾಜ್ಯಗಳಿಗೂ ನಡುವೆ 1861ರಲ್ಲಿ ಆರಂಭವಾದ ಅಂತರ್ಯುದ್ಧ, ಮೂರನೆಯ ವರ್ಷದ ಬೇಸಿಗೆಯಲ್ಲಿ ಉತ್ತರದ ನೆಲಕ್ಕೇ ಕಾಲಿಟ್ಟಿತು. ದಕ್ಷಿಣದ ದಂಡನಾಯಕ ರಾಬರ್ಟ್ ಲೀ ಮತ್ತು ಉತ್ತರದ ದಂಡನಾಯಕ ಜಾರ್ಜ್ ಮೀಡ್ ಅವರ ಸೇನೆಗಳು 1863ರ ಜುಲೈ 1ರಿಂದ 3ರವರೆಗೆ ಗೆಟ್ಟಿಸ್‌ಬರ್ಗ್‌ನಲ್ಲಿ ಸೆಣಸಿದವು. ಮೊದಲ ದಿನ ಊರಿನ ಪಡುವಣ ಮತ್ತು ಬಡಗಣ ಹೊಲಗಳಲ್ಲಿ ಸೋತ ಉತ್ತರದವರು ಊರ ಬೀದಿಗಳ ಮೂಲಕವೇ ಹಿಮ್ಮೆಟ್ಟಿ ತೆಂಕಣ ದಿಬ್ಬಗಳನ್ನು ಹಿಡಿದು, ಮೀನಿನ ಗಾಳದ ಆಕಾರದಲ್ಲಿ ಸಾಲುಗಟ್ಟಿದರು. ಎರಡನೆಯ ದಿನ ಆ ಗಾಳದ ಎರಡು ತುದಿಗಳ ಮೇಲೆ ದಾಳಿ ನಡೆಯಿತು. ಮೂರನೆಯ ದಿನ ಸುಮಾರು 12,000 ದಕ್ಷಿಣದ ಕಾಲಾಳುಗಳು ಮುಕ್ಕಾಲು ಮೈಲಿಯಷ್ಟು ಬಯಲನ್ನು ದಾಟಿ ನಡುಸಾಲಿಗೇ ನುಗ್ಗಿ ಮುರಿದುಬಿದ್ದರು. ಸತ್ತವರು, ಗಾಯಗೊಂಡವರು, ಸೆರೆಯಾದವರು, ಕಾಣೆಯಾದವರು ಎಲ್ಲ ಸೇರಿ ಎರಡೂ ಕಡೆಯ ನಷ್ಟ ಸುಮಾರು 51,000. ಊರಿನ ಜನಸಂಖ್ಯೆ ಆಗ ಸುಮಾರು 2,400.

ಉಳಿಸುವ ಕೆಲಸ ಅಚ್ಚರಿಪಡುವಷ್ಟು ಬೇಗ ಆರಂಭವಾಯಿತು. ಊರಿನ ವಕೀಲ ಡೇವಿಡ್ ಮೆಕಾನಹಿ ಕಾಳಗ ಮುಗಿದ ಕೆಲವೇ ವಾರಗಳಲ್ಲಿ ದಿಬ್ಬಗಳ ಮೇಲಿನ ಜಮೀನನ್ನು ಕೊಳ್ಳತೊಡಗಿದರು; 1864ರ ಏಪ್ರಿಲ್ 30ರಂದು, ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ಪೆನ್ಸಿಲ್ವೇನಿಯ ಶಾಸನಸಭೆ ರಣಭೂಮಿ ಸ್ಮಾರಕ ಸಂಘವೊಂದಕ್ಕೆ ಸನ್ನದು ಕೊಟ್ಟಿತು. ಸಂಘ ಕೊಂಡ ನೆಲವೆಲ್ಲ ಉತ್ತರದ ಸೇನೆ ನಿಂತು ಕಾದಿದ ದಿಬ್ಬ, ಮಣ್ಣಿನ ಒಡ್ಡು, ಬಂಡೆಗಳ ನೆಲ. ಗೆದ್ದವರ ನೆನಪನ್ನು ಗೆದ್ದವರೇ ಕಾಯುವಾಗ ಅದು ಸಹಜವೂ ಆಗಿತ್ತು. ಆದರೆ ಎದುರಾಳಿ ಎಲ್ಲಿಂದ ಬಂದ, ಎಷ್ಟು ದೂರ ನಡೆದ, ಅವನ ಫಿರಂಗಿಗಳು ಎಲ್ಲಿದ್ದವು ಎಂಬುದು ತಿಳಿಯದೆ ಕಾಳಗದ ಅರ್ಥವಾಗದು. ಆ ಅರ್ಧ ನೆಲ ಮೂವತ್ತು ವರ್ಷಗಳ ಕಾಲ ಬಹುಮಟ್ಟಿಗೆ ಎಲ್ಲೆಯ ಹೊರಗೇ ಉಳಿಯಿತು.

ಆ ಕಾಲದ ಒಂದು ಸಂಗತಿಯನ್ನು ಇಲ್ಲಿ ಬಿಡಿಸಿ ಹೇಳಬೇಕು. ಮೂರನೆಯ ದಿನದ ದಾಳಿಯ ಗುರಿಯೆಂದು ಮುಂದೆ ಹೆಸರಾದ ಮರಗಳ ಒಂದು ಸಣ್ಣ ಗುಂಪು, ಯುದ್ಧದ ನಂತರ ಬೇಸಿಲ್ ಬಿಗ್ಸ್ ಎಂಬ ಕಪ್ಪು ಜನಾಂಗದ ರೈತರ ಜಮೀನಿಗೆ ಸೇರಿತು. ಹೊಲಗಳಲ್ಲಿ ಅವಸರವಾಗಿ ಹೂತಿದ್ದ ಉತ್ತರದ ಸೈನಿಕರ ದೇಹಗಳನ್ನು ತೆಗೆದು ರಾಷ್ಟ್ರೀಯ ಸ್ಮಶಾನಕ್ಕೆ ಸಾಗಿಸಿದ ಕಷ್ಟದ ಕೆಲಸವನ್ನು ಬಿಗ್ಸ್ ಮತ್ತು ಅವರ ಕೂಲಿಯಾಳುಗಳು ಮಾಡಿದ್ದರು. ಅಧ್ಯಕ್ಷ ಲಿಂಕನ್ 1863ರ ನವೆಂಬರ್ 19ರಂದು ಭಾಷಣ ಮಾಡಿದ್ದು ಅದೇ ಸ್ಮಶಾನದ ಸಮರ್ಪಣೆಯಲ್ಲಿ. ಬೇಸಾಯಗಾರರಾದ ಬಿಗ್ಸ್ ಆ ಮರಗಳನ್ನು ಕಡಿಯತೊಡಗಿದಾಗ, ಕಾಳಗದ ಮರುವಾರದಿಂದಲೇ ಗಾಯಾಳುಗಳನ್ನು ವಿಚಾರಿಸಿ ನಕ್ಷೆ ಬರೆದಿದ್ದ ಕಲಾವಿದ ಜಾನ್ ಬ್ಯಾಚೆಲ್ಡರ್ ತಡೆದು, ನಿಂತ ಮರಕ್ಕೆ ಕಡಿದ ಮರಕ್ಕಿಂತ ಬೆಲೆ ಹೆಚ್ಚು ಎಂದು ಒಪ್ಪಿಸಿದರು. 1881ರಲ್ಲಿ ಆ ಜಾಗವನ್ನು ಸಂಘ ಕೊಂಡುಕೊಂಡಿತು. ಮುಂದೆ ಸುತ್ತಲೂ ಕಬ್ಬಿಣದ ಬೇಲಿ ಬಂತು. ಇಡೀ ಅಮೆರಿಕದ ನೆನಪಿನಲ್ಲಿ ನಿಂತಿರುವ ಒಂದು ಗುರುತು ಹೀಗೆ ಕೊಡಲಿಯ ಬಾಯಿಂದ ಪಾರಾಗಿ ಬಂದದ್ದು.

ನೆಲದ ಜೊತೆಗೆ ಕಲ್ಲೂ ಬಂತು. ರೆಜಿಮೆಂಟ್ ಎಂದರೆ ಸಾಮಾನ್ಯವಾಗಿ ಒಂದೇ ಸೀಮೆಯಿಂದ ಕೂಡಿಸಿದ, ಕಾಗದದ ಮೇಲೆ ಸುಮಾರು ಸಾವಿರ ಜನರ ಪಡೆ. 1880ರ ದಶಕದಲ್ಲಿ ಬದುಕುಳಿದ ಯೋಧರು ತಮ್ಮ ತಮ್ಮ ರೆಜಿಮೆಂಟಿಗೆ ಸ್ಮಾರಕ ಕಲ್ಲು ನಿಲ್ಲಿಸತೊಡಗಿದರು. ವೀರಗಲ್ಲನ್ನು ಬಲ್ಲ ಕನ್ನಡಿಗರಿಗೆ ಈ ಹಂಬಲ ಅಪರಿಚಿತವಲ್ಲವಾದರೂ ಇಲ್ಲಿ ಒಂದು ಹೊಸ ಕಟ್ಟಳೆಯಿತ್ತು: 1887ರಲ್ಲಿ ಸಂಘ, ಪ್ರತಿ ರೆಜಿಮೆಂಟಿನ ಕಲ್ಲು ಅದು ಕಾಳಗದ ಸಾಲಿನಲ್ಲಿ ಮೊದಲು ನಿಂತಿದ್ದ ಜಾಗದಲ್ಲೇ ಇರತಕ್ಕದ್ದು, ಮುನ್ನುಗ್ಗಿದ ಜಾಗದಲ್ಲಿ ಅಲ್ಲ ಎಂದು ನಿಯಮ ಮಾಡಿತು. ಎಪ್ಪತ್ತೆರಡನೆಯ ಪೆನ್ಸಿಲ್ವೇನಿಯ ರೆಜಿಮೆಂಟಿನವರು ಇದನ್ನು ಒಪ್ಪದೆ, ತಾವು ಮೂರನೆಯ ದಿನ ಕೊನೆಯ ಗಳಿಗೆಯಲ್ಲಿ ನಡುಸಾಲಿನ ಕಲ್ಲುಗೋಡೆಯವರೆಗೂ ನುಗ್ಗಿದವರು, ನೂರಾರು ಅಡಿ ಹಿಂದೆ ತಮ್ಮ ಕಲ್ಲು ನಿಲ್ಲಿಸುವುದೆಂದರೆ ಹಿಂಜರಿದವರೆಂದು ಸಾರುವುದೇ ಆಗುತ್ತದೆ ಎಂದು ನ್ಯಾಯಾಲಯಕ್ಕೆ ಹೋದರು. ನೆರೆನರೆತ ಯೋಧರು ಕಟಕಟೆಯಲ್ಲಿ ನಿಂತು ಕಾಲು ಶತಮಾನಕ್ಕೂ ಹಿಂದಿನ ಒಂದು ಮಧ್ಯಾಹ್ನದ ಸಾಕ್ಷಿ ನುಡಿದರು. 1891ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. ಬಂದೂಕನ್ನು ತಿರುಗಿಸಿ ಹಿಡಿದು ಬೀಸುತ್ತಿರುವ ಕಂಚಿನ ಯೋಧನ ಆ ಸ್ಮಾರಕ ಇಂದಿಗೂ ಗೋಡೆಯ ಸಮೀಪದಲ್ಲೇ ನಿಂತಿದೆ. ಕೆಲವು ನೂರು ಅಡಿಗಳ ಈ ಮೊಕದ್ದಮೆಯನ್ನು ಮುದುಕರ ಹಟವೆಂದು ತಳ್ಳಿಹಾಕುವುದು ಸರಿಯಾಗದು. ಯಾವ ನೆಲದಲ್ಲಿ ಯಾರು ನಿಂತಿದ್ದರು ಎಂಬುದನ್ನು ಪ್ರಮಾಣಪೂರ್ವಕವಾಗಿ ಗೊತ್ತುಮಾಡುವ ಪದ್ಧತಿ ರೂಢಿಗೆ ಬಂದದ್ದು ಇಂಥ ಜಗಳಗಳಿಂದಲೇ, ಮತ್ತು ಮುಂದಿನ ಎಲ್ಲ ಗಡಿವಿವಾದಗಳಿಗೂ ಅದೇ ತಳಹದಿ.

1893ರಲ್ಲಿ ಕಂಪನಿಯೊಂದು ಪ್ರವಾಸಿಗರಿಗಾಗಿ ವಿದ್ಯುತ್ ಟ್ರಾಮಿನ ಹಳಿಗಳನ್ನು ರಣಭೂಮಿಯ ಮೇಲೆಯೇ ಹಾಸತೊಡಗಿ, ಎರಡನೆಯ ದಿನ ಘೋರ ಕದನ ನಡೆದ ಡೆವಿಲ್ಸ್ ಡೆನ್ ಎಂಬ ಬಂಡೆಗಳ ನೆಲೆಯಲ್ಲಿ ಸಿಡಿಮದ್ದು ಇಟ್ಟು ಕಲ್ಲು ಒಡೆಯಿತು. ಯುದ್ಧ ಇಲಾಖೆ ಆ ಜಮೀನನ್ನು ಭೂಸ್ವಾಧೀನ ಮಾಡಿಕೊಳ್ಳಲು, ಅಂದರೆ ಪರಿಹಾರ ಕೊಟ್ಟು ಒಡೆಯನ ಒಪ್ಪಿಗೆಯಿಲ್ಲದೆಯೂ ಪಡೆಯಲು ಹೊರಟಾಗ, ರಸ್ತೆಗೂ ಕೋಟೆಗೂ ನೆಲ ಪಡೆಯಬಹುದಾದ ಸರ್ಕಾರ ನೆನಪಿಗೋಸ್ಕರವೂ ಪಡೆಯಬಹುದೇ ಎಂಬ ಪ್ರಶ್ನೆ ಎದ್ದಿತು. 1896ರ ಜನವರಿ 27ರಂದು ದೇಶದ ಸರ್ವೋಚ್ಚ ನ್ಯಾಯಾಲಯದ ಪರವಾಗಿ ನ್ಯಾಯಮೂರ್ತಿ ರೂಫಸ್ ಪೆಕ್ಹ್ಯಾಮ್ ಬರೆದ ತೀರ್ಪು, ಅಂಥ ರಣಭೂಮಿಯನ್ನು ಕಾಪಾಡುವುದು ಸಾರ್ವಜನಿಕ ಉದ್ದೇಶವೇ ಹೌದೆಂದು ಎತ್ತಿಹಿಡಿಯಿತು. ಅಮೆರಿಕದಲ್ಲಿ ಐತಿಹಾಸಿಕ ನೆಲಗಳ ಸಂರಕ್ಷಣೆಗೆ ಕಾನೂನಿನ ಬುನಾದಿ ಬಿದ್ದದ್ದು ಈ ತೀರ್ಪಿನಿಂದ. ಆದರೂ ಟ್ರಾಮು ಮುಂದಿನ ಇಪ್ಪತ್ತು ವರ್ಷ ಓಡುತ್ತಲೇ ಇತ್ತು. ಹಳಿಗಳನ್ನು ಕಿತ್ತದ್ದು 1917ರಲ್ಲಿ.

ಅಷ್ಟರಲ್ಲಿ 1895ರ ಫೆಬ್ರವರಿ 11ರ ಕಾಯಿದೆ ಗೆಟ್ಟಿಸ್‌ಬರ್ಗನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿತ್ತು. ಸಂಘದ ಐದುನೂರು ಎಕರೆಗೂ ಮಿಕ್ಕ ಜಮೀನು ಸರ್ಕಾರದ ಕೈಸೇರಿತು. ಮುಂದೆ ಎಷ್ಟು ನೆಲ ಪಡೆಯಬಹುದೆಂಬ ಹದ್ದನ್ನು ಗೊತ್ತುಮಾಡಿದ್ದು ಡೇನಿಯಲ್ ಸಿಕಲ್ಸ್ ತಯಾರಿಸಿದ ಒಂದು ನಕ್ಷೆ. ಮಸೂದೆಯನ್ನು ಮಂಡಿಸಿದ ಈ ಸಿಕಲ್ಸ್, ಕಾಳಗದ ಎರಡನೆಯ ದಿನ ಮೇಲಧಿಕಾರಿಯ ಅಪ್ಪಣೆಯಿಲ್ಲದೆ ತನ್ನ ಪಡೆಯನ್ನು ಅರ್ಧ ಮೈಲಿಗೂ ಹೆಚ್ಚು ಮುಂದಕ್ಕೆ, ಪೀಚ್ ಹಣ್ಣಿನ ತೋಟದವರೆಗೆ ಒಯ್ದು, ಪಡೆಯೊಡನೆ ತನ್ನ ಬಲಗಾಲನ್ನೂ ಕಳೆದುಕೊಂಡ ಸೇನಾನಿ. ತಾನು ಮಾಡಿದ್ದೇ ಸರಿಯೆಂದು ಐವತ್ತು ವರ್ಷ ವಾದಿಸಿದ ವ್ಯಕ್ತಿಯ ಕೈಯಲ್ಲಿ ರಣಭೂಮಿಯ ಎಲ್ಲೆ ರೂಪುಗೊಂಡಿತೆಂಬುದನ್ನು ಮರೆಯಬಾರದು. ಸುಮಾರು 3,800 ಎಕರೆಯ ಆ ನಕ್ಷೆಯ ಒಳಗೆ ಯುದ್ಧ ಇಲಾಖೆಯ ಆಯೋಗ ಬಹಳ ನಿಷ್ಠೆಯಿಂದ ಕೆಲಸ ಮಾಡಿತು. ದಕ್ಷಿಣದ ಸೇನೆ ನಿಂತಿದ್ದ ಸೆಮಿನರಿ ದಿಬ್ಬದ ಉದ್ದಕ್ಕೂ ರಸ್ತೆ ಮಾಡಿಸಿ, ಫಿರಂಗಿಗಳನ್ನೂ ಫಲಕಗಳನ್ನೂ ನಿಲ್ಲಿಸಿ, ಕಾಳಗದ ಕಾಣದಿದ್ದ ಅರ್ಧವನ್ನು ಮೊದಲ ಬಾರಿಗೆ ಕಾಣುವಂತೆ ಮಾಡಿದ್ದು ಆ ಆಯೋಗವೇ.

ಉದ್ಯಾನ 1933ರಲ್ಲಿ ರಾಷ್ಟ್ರೀಯ ಉದ್ಯಾನ ಸೇವೆಯ ಆಡಳಿತಕ್ಕೆ ಬಂತು. ಮೋಟಾರು ಕಾರು ಬಂದ ಮೇಲೆ ಗಡಿಯ ಅಂಚಿಗೆ ತಾಗಿಕೊಂಡೇ ವಸತಿಗೃಹಗಳು, ಅಂಗಡಿಗಳು, ಆಟದ ತಾಣಗಳು ಎದ್ದವು. ನಕ್ಷೆಯ ಗೆರೆಯ ಒಳಗಿನ ಹುಲ್ಲನ್ನು ಕಾಯಬಹುದಿತ್ತು, ಗೆರೆಯ ಆಚೆಗಿನ ನೋಟವನ್ನು ಕಾಯುವ ಉಪಾಯವಿರಲಿಲ್ಲ. ಇದು ಎಲ್ಲರ ಕಣ್ಣಿಗೂ ಹೊಡೆದದ್ದು ಖಾಸಗಿ ಜಮೀನಿನಲ್ಲಿ ಕಟ್ಟಿದ 307 ಅಡಿ ಎತ್ತರದ ಉಕ್ಕಿನ ವೀಕ್ಷಣಾ ಗೋಪುರದಿಂದ. ಪೆನ್ಸಿಲ್ವೇನಿಯ ರಾಜ್ಯ ಹೂಡಿದ ದಾವೆ 1973ರಲ್ಲಿ ಬಿದ್ದುಹೋಗಿ, 1974ರಲ್ಲಿ ಗೋಪುರ ತೆರೆಯಿತು. ಸ್ಮಶಾನದಲ್ಲಿ ನಿಂತರೂ, ಬಯಲಿನ ಯಾವ ಮೂಲೆಯಲ್ಲಿ ನಿಂತರೂ ಅದು ಕಾಣುತ್ತಿತ್ತು. ಕೊನೆಗೆ ಒಕ್ಕೂಟ ಸರ್ಕಾರ ಅದನ್ನು ಸ್ವಾಧೀನಪಡಿಸಿಕೊಂಡು, 2000ದ ಜುಲೈ 3ರಂದು, ಕಾಳಗದ ಕೊನೆಯ ದಿನದ ವಾರ್ಷಿಕದಂದೇ, ಸಿಡಿಮದ್ದಿನಿಂದ ಉರುಳಿಸಿತು.

ಗೋಪುರ ಕಲಿಸಿದ ಪಾಠ ಅದು ಉರುಳುವ ಮೊದಲೇ ಶಾಸನಕ್ಕೆ ಇಳಿದಿತ್ತು. 1987ರ ಕಾಯಿದೆಯೊಂದು ಗಡಿಯ ಅಧ್ಯಯನಕ್ಕೆ ಅಪ್ಪಣೆ ಕೊಟ್ಟಿತು. ಅದರ ಆಧಾರದ ಮೇಲೆ 1990ರ ಆಗಸ್ಟ್ 17ರ ಕಾಯಿದೆ ಸುಮಾರು 1,900 ಎಕರೆಯನ್ನು ಹೊಸದಾಗಿ ಎಲ್ಲೆಯೊಳಗೆ ತಂದಿತು. ಎಲ್ಲೆಯೊಳಗೆ ಬಂದ ಮಾತ್ರಕ್ಕೆ ನೆಲ ಸರ್ಕಾರದ್ದಾಗುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಅಲ್ಲಿನ ರೈತ ಅಲ್ಲೇ ಉಳುತ್ತಾನೆ, ಮನೆಯವರು ಅಲ್ಲೇ ವಾಸಿಸುತ್ತಾರೆ. ಮಾರುವಾಗ ಕೊಳ್ಳಲು, ದಾನ ಕೊಟ್ಟರೆ ಪಡೆಯಲು ಉದ್ಯಾನಕ್ಕೆ ಅಧಿಕಾರ ಹುಟ್ಟುತ್ತದೆ ಅಷ್ಟೆ. ಇನ್ನೊಂದು ಉಪಾಯವೆಂದರೆ ಸಂರಕ್ಷಣಾ ಕರಾರು: ಒಡೆತನ ಒಡೆಯನಲ್ಲೇ ಉಳಿದು, ಕಟ್ಟಡ ಕಟ್ಟುವ ಹಕ್ಕನ್ನು ಮಾತ್ರ ಅವನು ಶಾಶ್ವತವಾಗಿ ಬಿಟ್ಟುಕೊಡುವ ಒಪ್ಪಂದ. ಹೊಲ ಹೊಲವಾಗಿಯೇ ಉಳಿಯಬೇಕಾದ ಕಡೆ ಇದಕ್ಕಿಂತ ಹದವಾದ ಮಾರ್ಗ ಸಿಗುವುದು ಕಷ್ಟ. ಜಮೀನು ಸರ್ಕಾರದ ಕೈಸೇರಿದಷ್ಟೂ ಊರಿಗೂ ಶಾಲೆಗಳಿಗೂ ಬರುವ ತೆರಿಗೆ ಕುಗ್ಗುತ್ತದೆ ಎಂಬ ಸ್ಥಳೀಯರ ಅಳಲಿನಲ್ಲಿ ಹುರುಳಿದೆ, ಅದಕ್ಕೂ ಈ ಮಾರ್ಗ ಅಷ್ಟಿಷ್ಟು ಉತ್ತರ ಕೊಡುತ್ತದೆ.

ಅದೇ 1990ರಲ್ಲಿ ನಡೆದ ಒಂದು ಪ್ರಮಾದವನ್ನೂ ಬರೆಯದೆ ಬಿಡಲಾಗದು. ಗಡಿ ಹಿಗ್ಗಿಸುವ ಹೊತ್ತಿನಲ್ಲೇ ಮಾಡಿಕೊಂಡ ಒಂದು ನೆಲದ ವಿನಿಮಯದ ಫಲವಾಗಿ, ರೈಲುಹಳಿಯನ್ನು ಸರಿಸಲು ಸೆಮಿನರಿ ದಿಬ್ಬದ ಬಡಗಣ ಇಳಿಜಾರನ್ನು ಯಂತ್ರಗಳಿಂದ ಅಗೆದು ಕತ್ತರಿಸಲಾಯಿತು. ಮೊದಲ ದಿನ ಉತ್ತರದವರು ಹಿಮ್ಮೆಟ್ಟಿದ ನೆಲ ಅದು. ಕಾಗದದ ಮೇಲೆ ಸರಿಹೋದ ವ್ಯವಹಾರದಲ್ಲಿ ದಿಬ್ಬದ ಆಕಾರವೇ ಹೋಯಿತು. ಕಡಿದ ಮರವನ್ನು ಮತ್ತೆ ನೆಡಬಹುದು, ಕಡಿದ ದಿಬ್ಬವನ್ನು ಯಾರೂ ಮತ್ತೆ ಬೆಳೆಸಲಾರರು.

ಅಂದಿನಿಂದೀಚೆಗೆ ಎಲ್ಲೆಯೊಳಗೂ ಗಡಿಯ ಅಂಚಿನಲ್ಲೂ ನಡೆದಿರುವ ಕೆಲಸ ಹೆಚ್ಚು ತಾಳ್ಮೆಯದು. 1999ರ ಯೋಜನೆ, 1863ರಲ್ಲಿ ಇಲ್ಲದಿದ್ದ 576 ಎಕರೆ ಕಾಡನ್ನು ತೆಗೆದು, ಆಗ ಇದ್ದ ಹಣ್ಣಿನ ತೋಟಗಳನ್ನೂ ಬೇಲಿಗಳನ್ನೂ ಮರಳಿಸಲು ಹೊರಟಿತು. ಮೊದಲ ದಿನದ ಕಾಳಗ ನಡೆದು, ಬಹುಕಾಲ ಗಾಲ್ಫ್ ಮೈದಾನವಾಗಿದ್ದ 95 ಎಕರೆ 2011ರಲ್ಲಿ ಉದ್ಯಾನಕ್ಕೆ ಸೇರಿತು. ಸೇನಾ ಆಸ್ಪತ್ರೆಯಾಗಿದ್ದ ಸ್ಪ್ಯಾಂಗ್ಲರ್ ಕುಟುಂಬದ 80 ಎಕರೆ ಜಮೀನನ್ನು ಉದ್ಯಾನದ ಸಹಯೋಗಿ ಪ್ರತಿಷ್ಠಾನ 2008ರಲ್ಲಿ ಕೊಂಡಿತು. ಏಬ್ರಹಾಂ ಬ್ರಯನ್ ಎಂಬ ಸ್ವತಂತ್ರ ಕಪ್ಪು ರೈತರ ಪುಟ್ಟ ಬಿಳಿಯ ಮನೆ ನಡುಸಾಲಿನಲ್ಲೇ ಇದ್ದು, ಎಂದೋ ಎಲ್ಲೆಯೊಳಗೆ ಬಂದಿತ್ತು. ಆದರೆ ದಕ್ಷಿಣದ ಸೇನೆ ಹಿಡಿದರೆ ಗುಲಾಮರಾಗಿ ಮಾರಾಟವಾಗುವ ಭಯದಿಂದ ಆ ಸಂಸಾರ ಮನೆಬಿಟ್ಟು ಓಡಿದ್ದು, ನಷ್ಟಕ್ಕೆ 1,028 ಡಾಲರ್ ಕೇಳಿದವರಿಗೆ 15 ಡಾಲರ್ ಸಿಕ್ಕಿದ್ದು ಆ ಮನೆಯ ಮುಂದೆ ನಿಂತು ಹೇಳುವ ಕಥೆಯಾದದ್ದು ಬಹಳ ತಡವಾಗಿ.

2014ರ ಡಿಸೆಂಬರಿನಲ್ಲಿ ಎಲ್ಲೆ ಮತ್ತೊಮ್ಮೆ ಸರಿಯಿತು. ತೆಂಕಣ ತುದಿಯಲ್ಲಿ ಪ್ಲಮ್ ರನ್ ಎಂಬ ತೊರೆಯ ಬದಿಯ ಸುಮಾರು 45 ಎಕರೆಯ ಜೌಗು ನೆಲವೂ, ಊರ ನಡುವಿನ ರೈಲು ನಿಲ್ದಾಣವೂ ಆಗ ಸೇರಿದವು. 1858ರಲ್ಲಿ ಕಟ್ಟಿದ, ಎರಡಂತಸ್ತಿನ ಆ ಸಣ್ಣ ಕಟ್ಟಡ ಕಾಳಗದ ದಿನಗಳಲ್ಲಿ ಆಸ್ಪತ್ರೆಯಾಗಿತ್ತು; ಹಳಿಗಳು ದುರಸ್ತಿಯಾದ ಮೇಲೆ ಸಾವಿರಾರು ಗಾಯಾಳುಗಳನ್ನು ಅಲ್ಲಿಂದಲೇ ದೂರದ ನಗರಗಳಿಗೆ ಕಳುಹಿಸಲಾಯಿತು; ನವೆಂಬರ್ 18ರ ಸಂಜೆ ಲಿಂಕನ್ ಇಳಿದದ್ದೂ ಅಲ್ಲಿಯೇ. ಗುಂಡು ಹಾರಿದ ನೆಲವಷ್ಟೇ ರಣಭೂಮಿ ಎಂಬ 1864ರ ಎಣಿಕೆಯಿಂದ, ನೋವು ಹಾದುಹೋದ ಬಾಗಿಲೂ ರಣಭೂಮಿಯೇ ಎಂಬ ಎಣಿಕೆಗೆ ಬರಲು ಒಂದೂವರೆ ಶತಮಾನ ಹಿಡಿಯಿತು. ಪ್ರಯಾಣ ಮಾಡಲಾರದ ಗಾಯಾಳುಗಳನ್ನು ಊರಿನ ಮೂಡಲಿಗೆ, ಯಾರ್ಕ್ ರಸ್ತೆಯ ಪಕ್ಕದ ಬಯಲಿನಲ್ಲಿ ಡೇರೆಗಳ ಸಾಲು ಹೂಡಿ ನೋಡಿಕೊಂಡರು. ಕ್ಯಾಂಪ್ ಲೆಟರ್‌ಮನ್ ಎಂಬ ಆ ಆಸ್ಪತ್ರೆಯಲ್ಲಿ ಎರಡೂ ಸೇನೆಗಳವರು ಅಕ್ಕಪಕ್ಕದಲ್ಲೇ ಮಲಗಿದ್ದರು. ಆ ಬಯಲಿನ ಹೆಚ್ಚಿನ ಪಾಲು ಈಗ ಮಳಿಗೆಗಳ, ವಾಹನ ನಿಲುಗಡೆಗಳ ಅಡಿಯಲ್ಲಿದೆ, ಉದ್ಯಾನದ ಎಲ್ಲೆ ಅದರವರೆಗೆ ಬಂದಿಲ್ಲ. ಹೆದ್ದಾರಿಯ ಅಂಚಿನಲ್ಲಿ ಒಂದು ಸ್ಮಾರಕ ಫಲಕವಿದೆ.