ಆರೋಗ್ಯ ಮತ್ತು ವಿಜ್ಞಾನ ವೃತ್ತಿಗಳು: ಆಲೂರು–ಸಕಲೇಶಪುರ ಸೀಮೆ

ಕೆ. ಹೊಸಕೋಟೆ, ಅಂದರೆ ಕೆಂಚಮ್ಮನ ಹೊಸಕೋಟೆ, ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಪಕ್ಕದ ಸಕಲೇಶಪುರದ ಗುಡ್ಡಗಳೊಡನೆ ಸೇರಿ ಇದು ಕಾಫಿ, ಏಲಕ್ಕಿ, ಮೆಣಸು, ಭತ್ತದ ಸೀಮೆ. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡವರ ಮನೆಗಳಲ್ಲಿ ಎರಡೇ ಮಾತು: ನೀಟ್ ಬರೆದು ಡಾಕ್ಟರಾಗಬೇಕು, ಇಲ್ಲವೇ ಸಿಇಟಿ ಬರೆದು ಎಂಜಿನಿಯರಾಗಬೇಕು. ಎರಡೂ ದಕ್ಕದವರು ಬಿ.ಎಸ್ಸಿ.ಗೆ ಸೇರುತ್ತಾರೆ, ಮುಂದೇನು ಎಂದು ಕೇಳುವವರೂ ಇರುವುದಿಲ್ಲ. ಈ ಸೀಮೆಯ ಬೆಳೆ, ದನಕರು, ಕಾಡಾನೆ, ಹಳ್ಳಕೊಳ್ಳಗಳು ಮಾತ್ರ ನೂರು ವರ್ಷದಿಂದ ವಿಜ್ಞಾನಿಗಳನ್ನು ಇತ್ತ ಕರೆಸಿಕೊಳ್ಳುತ್ತಲೇ ಇವೆ.

ವೈದ್ಯಕೀಯ ಮತ್ತು ಪೂರಕ ವೃತ್ತಿಗಳು

ಹಿಮ್ಸ್ ಎಂದೇ ಜನ ಕರೆಯುವ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು 2006ರಲ್ಲಿ ಆರಂಭವಾಯಿತು. ಅದು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ನಗರದ ತಣ್ಣೀರುಹಳ್ಳದಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜಿದೆ. ಎಂಬಿಬಿಎಸ್ ಓದು ನಾಲ್ಕೂವರೆ ವರ್ಷ, ಅದರ ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. 2022ರಿಂದ ನೀಟ್‌ಗೆ ಗರಿಷ್ಠ ವಯೋಮಿತಿ ಇಲ್ಲದಿರುವುದರಿಂದ ಬಿ.ಎಸ್ಸಿ. ಓದುತ್ತಿರುವವರೂ ಮತ್ತೆ ಬರೆಯಬಹುದು. ಬರೆಯಬಹುದು ಎಂಬುದೇ ಬರೆಯಲು ಸಾಕಾದ ಕಾರಣವಲ್ಲ. ಪದವಿಯ ಮೂರು ವರ್ಷವನ್ನೂ ಕೋಚಿಂಗ್‌ಗೇ ತೆತ್ತವರಿಗೆ ಕೊನೆಗೆ ಎರಡೂ ಅರೆಬರೆಯಾಗುವ ಅಪಾಯವಿದೆ.

ಪದವಿ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಪ್ರಯೋಗಾಲಯದ ಕೆಲಸದ ವಿಚಾರದಲ್ಲಿ. ಪ್ರಾಣಿಶಾಸ್ತ್ರ ಅಥವಾ ರಸಾಯನಶಾಸ್ತ್ರದ ಬಿ.ಎಸ್ಸಿ. ಇದ್ದ ಮಾತ್ರಕ್ಕೆ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನೀಷಿಯನ್ ಆಗಲು ಬರುವುದಿಲ್ಲ. ಅದಕ್ಕೆ ಪ್ಯಾರಾಮೆಡಿಕಲ್ ಮಂಡಳಿಯ ಡಿಪ್ಲೊಮಾ ಅಥವಾ ಅದೇ ವಿಷಯದ ಪದವಿ ಬೇಕು. ಲ್ಯಾಬ್, ಎಕ್ಸ್‌ರೇ, ಡಯಾಲಿಸಿಸ್, ಫಿಸಿಯೊಥೆರಪಿ, ಕಣ್ಣಿನ ತಪಾಸಣೆಯಂಥ ವೃತ್ತಿಗಳನ್ನು ಕೇಂದ್ರ ಸರ್ಕಾರ 2021ರ ಕಾಯ್ದೆಯೊಂದರ ಅಡಿ ತಂದು, ಅವುಗಳಿಗೆ ರಾಷ್ಟ್ರೀಯ ಆಯೋಗದ ಚೌಕಟ್ಟು ಕೊಟ್ಟಿದೆ. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ್ದು. ಆರೋಗ್ಯ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಎಂಬ ಹುದ್ದೆ ಬಂದ ಮೇಲೆ ನರ್ಸಿಂಗ್ ಓದಿದವರಿಗೆ ಹಳ್ಳಿಯಲ್ಲೇ ಸ್ವತಂತ್ರ ಹೊಣೆಯ ಕೆಲಸ ಸಿಕ್ಕಿದೆ.

ಪಶುವೈದ್ಯಕೀಯ ಮತ್ತು ಕೃಷಿ ವಿಜ್ಞಾನ

ಬೀದರಿನ ಪಶು ವಿಶ್ವವಿದ್ಯಾಲಯದ ಒಂದು ಕಾಲೇಜು ಹಾಸನದಲ್ಲಿದೆ. ಕೃಷಿ ವಿಶ್ವವಿದ್ಯಾಲಯದ ಕಾಲೇಜು ಹತ್ತಿರದ ಕಾರೇಕೆರೆಯಲ್ಲಿದೆ. ಮೂಡಿಗೆರೆಯ ತೋಟಗಾರಿಕೆ ಕಾಲೇಜು 1991ರದ್ದು. ಈ ಕೋರ್ಸ್‌ಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಉಂಟು. ಅದನ್ನು ಶೇ. 40ರಿಂದ 50ಕ್ಕೆ ಏರಿಸುವುದಾಗಿ ರಾಜ್ಯ ಸರ್ಕಾರ 2021ರಲ್ಲಿ ಘೋಷಿಸಿತು. ಕೋಟಾ ಬಯಸುವವರಿಗೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ: ಕಾಳು, ಬೀಜ, ಸಲಕರಣೆಗಳನ್ನು ನೋಡಿ ಗುರುತಿಸಬೇಕು. ಗದ್ದೆ, ಕೊಟ್ಟಿಗೆಯಲ್ಲಿ ಕೈಯಾಡಿಸಿ ಬೆಳೆದವರಿಗೆ ಪುಸ್ತಕವಷ್ಟನ್ನೇ ಓದಿದವರಿಗಿಂತ ಹೆಚ್ಚು ಅನುಕೂಲವಾಗುವ ಅಪರೂಪದ ಪರೀಕ್ಷೆಯಿದು.

ಕಾಫಿ ಮತ್ತು ಏಲಕ್ಕಿ

ಮಳೆಗಾಲದಲ್ಲಿ ಕಾಫಿ ಎಲೆ ಕಪ್ಪಾಗಿ ಕೊಳೆತು ನೇತಾಡುವ ರೋಗಕ್ಕೆ ಇಲ್ಲಿನವರು ಕೊಳೆರೋಗ ಎನ್ನುತ್ತಾರೆ. 1876ರಲ್ಲಿ ಇಂಗ್ಲಿಷ್ ಸಸ್ಯವಿಜ್ಞಾನಿ ಕುಕ್ ಅದರ ಶಿಲೀಂಧ್ರಕ್ಕೆ ನಾಮಕರಣ ಮಾಡುವಾಗ 'ಪೆಲಿಕ್ಯುಲೇರಿಯ ಕೊಳೆರೋಗ' ಎಂದೇ ಕರೆದ. ತೋಟದ ಆಳುಗಳ ಬಾಯಲ್ಲಿದ್ದ ಪದ ಹೀಗೆ ಲ್ಯಾಟಿನ್ ಹೆಸರಿನೊಳಗೆ ಹೋಗಿ ಕುಳಿತಿತು. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಆರಂಭವಾದ ಕಾಫಿ ಪ್ರಯೋಗ ಕೇಂದ್ರವೇ ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ಚಂದ್ರಗಿರಿ ತಳಿ ಅಲ್ಲಿಂದ 2007ರಲ್ಲಿ ಬಿಡುಗಡೆಯಾಯಿತು. ಏಲಕ್ಕಿಯ ಕಟ್ಟೆ ರೋಗವನ್ನು ಹರಡುವುದು ಗಿಡಹೇನು. ಸಂಬಾರ ಮಂಡಳಿಯ ಏಲಕ್ಕಿ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಸಕಲೇಶಪುರದ ದೋಣಿಗಾಲಿನಲ್ಲೇ ಇದೆ.

ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಜೈವಿಕ ತಂತ್ರಜ್ಞಾನ ಓದಿದವರಿಗೆ ಕಾಫಿ ಮಂಡಳಿಯ ಕಾಫಿ ಗುಣಮಟ್ಟ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ಒಂದು ವರ್ಷದ ಓದು. ಒಂದಷ್ಟು ಪಾಠ ಬಾಳೆಹೊನ್ನೂರಿನಲ್ಲಿ, ಉಳಿದದ್ದು ಬೆಂಗಳೂರಿನಲ್ಲಿ. ಹುರಿಯುವುದು, ರುಚಿ ನೋಡಿ ದರ್ಜೆ ಕಟ್ಟುವುದು ಇಲ್ಲಿನ ವಿದ್ಯೆ. ಕಾಫಿ ಬೆಳೆದು ಮೂಟೆ ಸಾಗಿಸಿದ ಮೇಲೆ ಅದರ ರುಚಿ ನಿರ್ಧರಿಸುವವರು ಬೇರೆಯವರೇ ಆಗಿರುವ ಸೀಮೆಯಲ್ಲಿ ಈ ಓದಿನ ಸುದ್ದಿ ಇನ್ನಷ್ಟು ಮನೆಗಳಿಗೆ ತಲುಪಬೇಕಿತ್ತು.

ಉಪಗ್ರಹ ನಿಯಂತ್ರಣ

ಹಾಸನದಲ್ಲಿ 1982ರಿಂದ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರವಿದೆ. ಅಲ್ಲಿ ಎಂಜಿನಿಯರುಗಳೇ ಹೆಚ್ಚು, ಆದರೂ ಇಸ್ರೋದ ವೈಜ್ಞಾನಿಕ ಸಹಾಯಕ ಹುದ್ದೆಗಳಿಗೆ ಪ್ರಥಮ ದರ್ಜೆಯ ಬಿ.ಎಸ್ಸಿ. ಪದವೀಧರರನ್ನೂ ಕರೆಯುವುದುಂಟು.

ಕಾಡಿನ ವಿಜ್ಞಾನ

'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರಾದ ಸಿ. ಆರ್. ನಾರಾಯಣ ರಾವ್ 1937ರಲ್ಲಿ ಸಕಲೇಶಪುರ ಘಟ್ಟದ ಪುಟ್ಟ ಕಪ್ಪೆಯೊಂದನ್ನು ವಿವರಿಸಿ, ಅಲ್ಲಿನ ಕೆಂಪುಹೊಳೆಯ ಹೆಸರನ್ನೇ ಅದಕ್ಕಿಟ್ಟರು. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಪಾದ್ರಿ ಸೆಸಿಲ್ ಸಲ್ಡಾನಾ, ಅಮೆರಿಕದ ಡಾನ್ ನಿಕೋಲ್ಸನ್ ಜೊತೆಗೂಡಿ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ದೊಡ್ಡ ಗ್ರಂಥವನ್ನು 1976ರಲ್ಲಿ ಹೊರತಂದರು. ಒಂದು ಜಿಲ್ಲೆಯ ಗಿಡಮರಗಳಿಗೆ ಇಷ್ಟು ಅಚ್ಚುಕಟ್ಟಾದ ದಾಖಲೆ ಸಿಗುವುದು ಕಡಿಮೆ.

ಈಗಿನ ಸಂಶೋಧನೆಗೆ ಕಾರಣ ಆನೆ. ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅಧ್ಯಕ್ಷತೆಯ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಬಳಿಕ ಆಲೂರು–ಸಕಲೇಶಪುರ ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಲಾಯಿತು. ಆದರೂ ಆನೆಗಳು ಮತ್ತೆ ತೋಟಗಳಲ್ಲಿ ಕಾಣಿಸಿಕೊಂಡವು. ಅರವಳಿಕೆ ಕೊಡುವ ಪಶುವೈದ್ಯ, ರೇಡಿಯೊ ಕಾಲರ್‌ನ ಸಂಕೇತ ಓದುವ ಸಂಶೋಧಕ, ಹಿಂಡು ಎಲ್ಲಿದೆ ಎಂದು ಹಳ್ಳಿಯವರ ಮೊಬೈಲಿಗೆ ತಿಳಿಸುವ ಕ್ಷೇತ್ರ ಸಹಾಯಕ — ಮೂವರೂ ಈಗ ಇಲ್ಲಿ ಬೇಕಾದವರು. ಪೊನ್ನಂಪೇಟೆ ಮತ್ತು ಶಿರಸಿಯಲ್ಲಿ ಅರಣ್ಯಶಾಸ್ತ್ರ ಪದವಿ ಇದೆ. ವನ್ಯಜೀವಿ ವಿಜ್ಞಾನದ ಎಂ.ಎಸ್ಸಿ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲೂ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲೂ ಉಂಟು. ಎರಡಕ್ಕೂ ಸೇರುವುದು ಪ್ರವೇಶ ಪರೀಕ್ಷೆಯ ಮೂಲಕ. ಕ್ಷೇತ್ರ ಸಹಾಯಕನ ಕೆಲಸಕ್ಕೆ ಮಾತ್ರ ಮೊದಲು ನೋಡುವುದು, ಕತ್ತಲಲ್ಲಿ ಯಾವ ತೋಟದ ಯಾವ ಕಂಡಿಯಿಂದ ಆನೆ ಇಳಿಯುತ್ತದೆ ಎಂಬುದು ಅವನಿಗೆ ಗೊತ್ತೇ ಎಂದು.