ಗ್ರೀಕ್ ಮೇಜಿನ ಸುತ್ತ ಯಾರ್ಯಾರು ಕೂತಿದ್ದಾರೆ?

ಭಾಗ 1/8: ಮಧ್ಯದಲ್ಲಿರೋ ತಟ್ಟೆ

ಟಾವರ್ನಾ ಅಂದ್ರೆ ಗ್ರೀಸಿನ ಮಾಮೂಲಿ ಊಟದ ಮನೆ. ರಾತ್ರಿ ಒಂಬತ್ತರ ಮೇಲೆ ಒಂದು ಟಾವರ್ನಾಕ್ಕೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳೋದು ಏನು ಗೊತ್ತಾ? ಯಾರ ಮುಂದೇನೂ "ಇದು ನನ್ನದು" ಅನ್ನೋ ಊಟ ಇರಲ್ಲ. ಸೌತೆಕಾಯಿ ಹಾಕಿದ ಮೊಸರು, ಸುಟ್ಟ ಬದನೆಕಾಯಿ, ಫೆಟಾ ಚೀಸ್, ಕರಿದ ಮೀನು, ಮಾಂಸದ ಉಂಡೆ, ಎಲ್ಲಾ ಸಣ್ಣ ಸಣ್ಣ ತಟ್ಟೆಗಳಲ್ಲಿ ಮೇಜಿನ ಮಧ್ಯಕ್ಕೆ ಬರುತ್ತವೆ. ಎಲ್ಲರೂ ಕೈ ಚಾಚಿ ತಿಂತಾರೆ.

ಈ ಸಣ್ಣ ತಟ್ಟೆಗಳಿಗೆ "ಮೆಝೆ" ಅಂತಾರೆ. ಪದ ಕೇಳಿದ ಹಾಗಿದೆ ಅಲ್ವಾ? ಪರ್ಷಿಯನ್ ಭಾಷೆಯಲ್ಲಿ ರುಚಿ ಅನ್ನೋ ಅರ್ಥದ ಒಂದು ಪದ ಇದೆ. ಅದು ಪಶ್ಚಿಮಕ್ಕೆ ಹೋಗಿ ತುರ್ಕಿ, ಗ್ರೀಸಿನಲ್ಲಿ ಮೆಝೆ ಆಯ್ತು. ಪೂರ್ವಕ್ಕೆ ಬಂದು ನಮ್ಮ ಬಾಯಲ್ಲಿ "ಮಜಾ" ಆಯ್ತು. ಅವರು ತಿನ್ನೋದೂ ನಾವು ಮಾಡೋದೂ ಒಂದೇ ಪದ!

ಇಂಥ ಸಂಜೆಗಳನ್ನ ಪ್ರವಾಸಿಗರಿಗೆ ಮಾರುವಾಗ "ಸಾವಿರಾರು ವರ್ಷಗಳ ಪರಂಪರೆ" ಅಂತ ಬೋರ್ಡ್ ಹಾಕ್ತಾರೆ. ಊಟ, ಬುಝುಕಿ ವಾದ್ಯ, ಹೆಗಲ ಮೇಲೆ ಕೈ ಹಾಕಿ ಕುಣಿಯೋದು, ತಟ್ಟೆ ಒಡೆಯೋದು, ಎಲ್ಲಾ ಒಂದೇ ಪ್ಯಾಕೇಜ್. ಇದರಲ್ಲಿ ನಿಜಕ್ಕೂ ಹಳೆಯದು ಎಷ್ಟು, ನಮ್ಮ ಅಜ್ಜಿಯರ ಕಾಲದ್ದು ಎಷ್ಟು? ಒಂದೊಂದಾಗಿ ನೋಡೋಣ. ಸ್ವೈಪ್ ಮಾಡ್ತಾ ಬನ್ನಿ.

ಭಾಗ 2/8: ಹಳೇ ಪಂಕ್ತಿ, ಹಳೇ ಬಾಗಿಲು

ಒಟ್ಟಿಗೆ ಕೂತು ಉಣ್ಣೋದು ಮಾತ್ರ ನಿಜವಾಗಿಯೂ ಹಳೆಯದು. ಪ್ರಾಚೀನ ಸ್ಪಾರ್ಟಾದಲ್ಲಿ ಗಂಡಸರು ರಾತ್ರಿ ಊಟ ಮನೆಯಲ್ಲಿ ಮಾಡೋ ಹಾಗಿರಲಿಲ್ಲ. "ಸಿಸ್ಸಿಷಿಯಾ" ಅನ್ನೋ ಸಾಮೂಹಿಕ ಊಟಕ್ಕೆ ಹೋಗಬೇಕಿತ್ತು. ಪ್ರತಿಯೊಬ್ಬನೂ ತಿಂಗಳಿಗೆ ಇಷ್ಟು ಅಂತ ಬಾರ್ಲಿ, ವೈನ್, ಚೀಸ್, ಅಂಜೂರ ತಂದು ಕೊಡಬೇಕು. ಕೊಡೋಕೆ ಆಗದವನ ಗತಿ ಏನು? ಪೌರತ್ವವೇ ಹೋಗ್ತಿತ್ತು ಅಂತ ಅರಿಸ್ಟಾಟಲ್ ಬರೆದಿದ್ದಾನೆ. ಆ ಬಾರ್ಲಿ ಬೆಳೆಯುತ್ತಿದ್ದ ಹೆಲಟ್ ಜೀತದಾಳುಗಳಿಗಂತೂ ಆ ಪಂಕ್ತಿಯಲ್ಲಿ ಜಾಗವೇ ಇರಲಿಲ್ಲ.

ಅಥೆನ್ಸಿನಲ್ಲಿ "ಸಿಂಪೋಸಿಯನ್" ಇತ್ತು. ಪದದ ಅರ್ಥ ಒಟ್ಟಿಗೆ ಕುಡಿಯೋದು. ಇವತ್ತು ಕಾಲೇಜಿನಲ್ಲಿ ಸಿಂಪೋಸಿಯಂ ಅಂತ ನಿದ್ದೆ ಹೊಡೀತೀವಲ್ಲ, ಅದರ ಮೂಲ ಇದೇ. ದಿವಾನದ ಮೇಲೆ ಒರಗಿಕೊಂಡು, "ಕ್ರೇಟರ್" ಅನ್ನೋ ದೊಡ್ಡ ಪಾತ್ರೆಯಲ್ಲಿ ವೈನಿಗೆ ನೀರು ಬೆರೆಸಿ, ಹಾಡು, ಮಾತು, ಚರ್ಚೆ. ಆದರೆ ಮನೆಯ ಹೆಂಡತಿ, ಮಗಳು ಆ ಕೋಣೆಗೆ ಬರೋ ಹಾಗಿರಲಿಲ್ಲ.

ಆ ಬೆರೆಸೋ ಕೆಲಸದ ನೆನಪು ಇವತ್ತಿಗೂ ಭಾಷೆಯಲ್ಲಿದೆ. ಗ್ರೀಕರು ವೈನಿಗೆ "ಕ್ರಾಸಿ" ಅಂತಾರೆ, ಅಂದರೆ ಬೆರಕೆ. ಪಕ್ಕದ ಮೇಜಿನವರಿಗೆ "ಇದು ನನ್ನ ಲೆಕ್ಕ" ಅಂತ ಕುಡಿಯೋಕೆ ಕೊಡಿಸೋದಕ್ಕೆ "ಕೆರಾಸ್ಮಾ" ಅಂತಾರೆ, ಅದರ ಬೇರೂ ಬೆರೆಸೋದೇ.

ಇಲ್ಲಿ ಒಂದು ವಿಷಯ ನೆನಪಿಟ್ಟುಕೊಳ್ಳಿ. ಪಂಕ್ತಿ ಅಂದ ಕೂಡಲೇ ಅದಕ್ಕೊಂದು ಬಾಗಿಲೂ ಇರತ್ತೆ. ಯಾರು ಒಳಗೆ, ಯಾರು ಹೊರಗೆ? ಮುಂದಿನ ಕಥೆಯೆಲ್ಲಾ ಆ ಬಾಗಿಲಿನದ್ದೇ.

ಭಾಗ 3/8: 1922

ಈಗ ನೇರ ಇಪ್ಪತ್ತನೇ ಶತಮಾನಕ್ಕೆ ಬನ್ನಿ. ಇವತ್ತಿನ ತುರ್ಕಿಯ ಪಶ್ಚಿಮ ಕರಾವಳಿಯಲ್ಲಿ ಸ್ಮಿರ್ನಾ ಅನ್ನೋ ಶ್ರೀಮಂತ ಬಂದರು ಇತ್ತು, ಈಗ ಅದರ ಹೆಸರು ಇಜ್ಮಿರ್. ಗ್ರೀಕರು, ತುರ್ಕರು, ಅರ್ಮೇನಿಯನ್ನರು, ಯಹೂದಿಗಳು ಎಲ್ಲಾ ಇದ್ದ ಊರು. ಮೊದಲ ಮಹಾಯುದ್ಧದ ನಂತರ ಗ್ರೀಕ್ ಸೈನ್ಯ ಅಲ್ಲಿಗೆ ನುಗ್ಗಿತು. ಮೂರು ವರ್ಷ ಯುದ್ಧ ನಡೆದು ಕೊನೆಗೆ ಸೋತಿತು. 1922ರ ಸೆಪ್ಟೆಂಬರಿನಲ್ಲಿ ಸ್ಮಿರ್ನಾ ಹೊತ್ತಿ ಉರೀತು. ಹಿಂದೆ ಬೆಂಕಿ, ಮುಂದೆ ಸಮುದ್ರ, ನಡುವೆ ಬಂದರಿನ ಕಟ್ಟೆಯ ಮೇಲೆ ಲಕ್ಷಾಂತರ ಜನ.

1923ರ ಜನವರಿ 30ರಂದು ಲೌಸಾನ್‌ನಲ್ಲಿ ಎರಡೂ ದೇಶಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು: ಜನರ ವಿನಿಮಯ. ಅದೂ ಕಡ್ಡಾಯವಾಗಿ. ಮೊದಲೇ ಓಡಿ ಬಂದವರನ್ನೂ ಸೇರಿಸಿದರೆ ಸುಮಾರು 12 ಲಕ್ಷ ಕ್ರೈಸ್ತರು ಗ್ರೀಸಿಗೆ ಬಂದರು. ಸುಮಾರು ಮೂರೂವರೆಯಿಂದ ನಾಲ್ಕು ಲಕ್ಷ ಮುಸ್ಲಿಮರು ತುರ್ಕಿಗೆ ಹೋದರು. ಯಾರು ಗ್ರೀಕ್, ಯಾರು ತುರ್ಕಿ ಅಂತ ತೀರ್ಮಾನಿಸಿದ್ದು ಭಾಷೆ ನೋಡಿ ಅಲ್ಲ, ಧರ್ಮ ನೋಡಿ. ಹಾಗಾಗಿ ಒಂದಕ್ಷರ ಗ್ರೀಕ್ ಬಾರದ, ತುರ್ಕಿ ಮಾತಾಡೋ ಕ್ರೈಸ್ತರು ಗ್ರೀಸಿಗೆ ಬಂದರು. ಗ್ರೀಕ್ ಬಿಟ್ಟು ಬೇರೆ ಭಾಷೆ ಗೊತ್ತಿಲ್ಲದ ಕ್ರೀಟ್ ದ್ವೀಪದ ಮುಸ್ಲಿಮರು ತುರ್ಕಿಗೆ ಹೋದರು. ಇಬ್ಬರಿಗೂ "ನಿಮ್ಮ ದೇಶಕ್ಕೆ ಹೋಗಿ" ಅಂತಲೇ ಹೇಳಿದ್ದು.

ಗ್ರೀಸಿನ ಜನಸಂಖ್ಯೆ ಆಗ 50 ಲಕ್ಷದ ಆಸುಪಾಸು. ಕೆಲವೇ ವರ್ಷದಲ್ಲಿ ಆ ದೇಶದ ಐವರಲ್ಲಿ ಒಬ್ಬರು ನಿರಾಶ್ರಿತರು. ಆ ಕಾಲದ ಒಂದು ಫೋಟೋ ಇದೆ. ಅಥೆನ್ಸಿನ ಮುನಿಸಿಪಲ್ ಥಿಯೇಟರ್, ದೊಡ್ಡವರು ಕೂತು ಆಪೆರಾ ನೋಡಬೇಕಾದ ಬಾಲ್ಕನಿಯ ಒಂದೊಂದು ಬಾಕ್ಸಿನಲ್ಲಿ ಒಂದೊಂದು ಸಂಸಾರ. ಸಿಕ್ಕರೆ ಹುಡುಕಿ ನೋಡಿ, ಒಂದು ನಿಮಿಷ ಸುಮ್ಮನಾಗ್ತೀರಿ.

ಭಾಗ 4/8: ಮೊಸರಿನ ಬೈಗುಳ

ಬಂದವರನ್ನ ಸ್ಥಳೀಯರು ಅಪ್ಪಿಕೊಂಡರಾ? ಎಲ್ಲರೂ ಅಲ್ಲ. "ತುರ್ಕಿ ಬೀಜ" ಅಂತ ಬೈದರು. ಇನ್ನೊಂದು ಬೈಗುಳ "ಮೊಸರಲ್ಲಿ ದೀಕ್ಷಾಸ್ನಾನ ಆದವರು". ಇವರ ಅಡುಗೆಯಲ್ಲಿ ಮೊಸರು ಜಾಸ್ತಿ, ಅದಕ್ಕೇ ಇವರು ನಿಜವಾದ ಕ್ರೈಸ್ತರಲ್ಲ ಅನ್ನೋ ಕುಹಕ. ಮೊಸರನ್ನ ತಿಂತೀಯಾ ಅಂತ ಒಬ್ಬರನ್ನ ಕೀಳಾಗಿ ನೋಡೋದು ಮೊಸರನ್ನದ ನಾಡಿನವರಾದ ನಮಗೆ ವಿಚಿತ್ರ ಅನ್ನಿಸಬಹುದು. ಆದರೆ ತಟ್ಟೆ ನೋಡಿ ಮನುಷ್ಯನನ್ನ ಅಳೆಯೋ ಚಾಳಿ ನಮಗೇನೂ ಹೊಸದಲ್ಲ ಬಿಡಿ.

ಈಗ ತಮಾಷೆ ನೋಡಿ. ಇವತ್ತು ಜಗತ್ತಿನ ಸೂಪರ್ ಮಾರ್ಕೆಟ್‌ಗಳಲ್ಲಿ ಗ್ರೀಸಿನ ಹೆಸರು ಹೊತ್ತು ನಿಂತಿರೋ ವಸ್ತು ಯಾವುದು? ಗ್ರೀಕ್ ಯೋಗರ್ಟ್!

ಟಾವರ್ನಾ ಮೆನುವಿನಲ್ಲಿ "ಸುಝುಕಾಕ್ಯಾ ಸ್ಮಿರ್ನೇಯ್ಕಾ" ಅಂತ ಇರತ್ತೆ. ಜೀರಿಗೆ, ಬೆಳ್ಳುಳ್ಳಿ ಹಾಕಿದ ಮಾಂಸದ ಉಂಡೆ, ಟೊಮೇಟೊ ಗೊಜ್ಜಿನಲ್ಲಿ. ಸುಟ್ಟುಹೋದ ಊರಿನ ಹೆಸರು ತಟ್ಟೆಯಲ್ಲಿ ಉಳಿದಿದೆ. "ಕೆಫ್ತೇದೆಸ್" ಅನ್ನೋದು ನಮ್ಮ ಕೋಫ್ತಾದ ದಾಯಾದಿ.

ಮೂಸಾಕಾ ಕಥೆ ಇನ್ನೂ ಚೆನ್ನಾಗಿದೆ. ಬದನೆಕಾಯಿ, ಕೈಮಾ, ಮೇಲೆ ದಪ್ಪ ಬಿಳಿ ಸಾಸ್ ಇರೋ ಆ ಖಾದ್ಯದ ಹೆಸರು ಅರಬ್ಬಿ ಮೂಲದ್ದು. ಬಿಳಿ ಪದರ ಬಂದಿದ್ದು ಸಿಫ್ನೋಸ್ ದ್ವೀಪದ ಬಾಣಸಿಗ ನಿಕೊಲಾವೋಸ್ ಸೆಲೆಮೆಂಟೆಸ್‌ರಿಂದ. 1920ರ ದಶಕದಲ್ಲಿ ಅವರ ಅಡುಗೆ ಪುಸ್ತಕ ಎಷ್ಟು ಜನಪ್ರಿಯ ಆಯ್ತು ಅಂದ್ರೆ, ಗ್ರೀಕಿನಲ್ಲಿ ಅವರ ಹೆಸರೇ "ಅಡುಗೆ ಪುಸ್ತಕ" ಅನ್ನೋ ಅರ್ಥಕ್ಕೆ ಬಂತು. ಅಡುಗೆಯಿಂದ ತುರ್ಕಿ ಛಾಯೆ ತೆಗೆದು ಶುದ್ಧ ಮಾಡ್ತೀನಿ ಅಂತ ಹೊರಟ ಅವರು ಫ್ರೆಂಚರ ಬೆಶಮೆಲ್ ಸಾಸ್ ಸುರಿದರು! ಶುದ್ಧ ಮಾಡೋಕೆ ಹೋದವರ ಪಾಡು ಸಾಮಾನ್ಯವಾಗಿ ಹೀಗೇ.

ಫುಟ್ಬಾಲ್ ಪ್ರಿಯರಿಗೆ ಒಂದು ಬೋನಸ್: ಅಥೆನ್ಸಿನ ಎಇಕೆ ಕ್ಲಬ್ಬನ್ನು 1924ರಲ್ಲಿ ಕಟ್ಟಿದ್ದು ಕಾನ್‌ಸ್ಟಾಂಟಿನೋಪಲ್‌ನಿಂದ ಬಂದವರು. ಹೆಸರಿನ ಕೊನೆಯಲ್ಲಿರೋ "ಕೆ" ಅಂದ್ರೆ ಬಿಟ್ಟು ಬಂದ ಆ ಊರೇ.

ಭಾಗ 5/8: ಬಡವರ ಹಾಡು

ನಿರಾಶ್ರಿತರು ಹಾಡನ್ನೂ ತಂದರು. ಪಿಟೀಲು, ಊದ್, ಸಂದೂರಿ. ಹೌದು, ನಮ್ಮ ಸಂತೂರಿನ ನೆಂಟ. ಪಿರೇಯಸ್ ಬಂದರಿನ ಗುಡಿಸಲುಗಳಲ್ಲಿ ಈ ಸ್ಮಿರ್ನಾ ಶೈಲಿ, ಅಲ್ಲಿನ ಜೈಲು ಮತ್ತು ಹಡಗುಕಟ್ಟೆಗಳ ಬುಝುಕಿ ಹಾಡಿನ ಜೊತೆ ಬೆರೀತು. ಅದೇ "ರೆಬೆಟಿಕೊ". ಪ್ರೀತಿ, ಬಡತನ, ಜೈಲು, ಹಶೀಶ್, ಊರು ಬಿಟ್ಟ ನೋವು, ಇವೇ ವಸ್ತು.

ಇದರ ದೊಡ್ಡ ಹೆಸರು ಮಾರ್ಕೋಸ್ ವಾಂವಕಾರಿಸ್. ಹುಟ್ಟಿದ್ದು 1905ರಲ್ಲಿ ಸೀರೋಸ್ ದ್ವೀಪದಲ್ಲಿ. ಪಿರೇಯಸ್‌ನ ಕಸಾಯಿಖಾನೆಯಲ್ಲಿ ಚರ್ಮ ಸುಲಿಯೋ ಕೆಲಸ ಮಾಡ್ತಿದ್ದವರು. 1934ರ ಸುಮಾರಿಗೆ ಅವರು ಕಟ್ಟಿದ ನಾಲ್ವರ ತಂಡದಲ್ಲಿ ಇಬ್ಬರು ಸಮುದ್ರದ ಆಚೆ ಕಡೆಯಿಂದ ಬಂದವರು. ಸ್ತ್ರಾಟೋಸ್ ಐವಾಲಿಕ್ ಊರಿನವರು, ಡೆಲಿಯಾಸ್ ಸ್ಮಿರ್ನಾದವರು.

1936ರಲ್ಲಿ ಮೆಟಾಕ್ಸಾಸ್ ಸರ್ವಾಧಿಕಾರಿಯಾದ. ರೆಕಾರ್ಡ್ ಮಾಡೋಕೂ ಸೆನ್ಸಾರ್ ಒಪ್ಪಿಗೆ ಬೇಕಾಯ್ತು. ಹಶೀಶ್ ಹಾಡು ಬೇಡ, "ಪೂರ್ವದ" ರಾಗ ಬೇಡ. ಅದೇ ರೆಬೆಟಿಕೊ 2017ರಲ್ಲಿ ಯುನೆಸ್ಕೋ ಪರಂಪರೆ ಪಟ್ಟಿ ಸೇರಿತು.

ಇದರ ಜೊತೆಗಿನ ಕುಣಿತ "ಝೆಬೆಕಿಕೊ". ಒಂಬತ್ತು ಎಣಿಕೆಯ ತಾಳ, ಒಬ್ಬನೇ ಕುಣಿಯೋದು, ಗೊತ್ತಾದ ಹೆಜ್ಜೆ ಅಂತಿಲ್ಲ. ತನ್ನ ಹಾಡು ಹೇಳಿ ನುಡಿಸಿಕೊಂಡವನು ಕುಣಿಯುವಾಗ ಬೇರೆ ಯಾರೂ ಅಂಗಳಕ್ಕೆ ಇಳಿಯಬಾರದು ಅನ್ನೋದು ಹಳೇ ನಿಯಮ. 1973ರಲ್ಲಿ ಅಥೆನ್ಸಿನ ಒಂದು ಕ್ಲಬ್ಬಿನಲ್ಲಿ ಈ ನಿಯಮದ ಜಗಳದಲ್ಲಿ ಮೂವರು ಪೊಲೀಸರ ಕೊಲೆಯಾಯ್ತು. ಆ ಒಬ್ಬಂಟಿ ಕುಣಿತ ಖುಷಿಯ ಶೋ ಅಲ್ಲ. ಕುಣಿಯುವವನ ದುಃಖ ಹೊರಬರಲಿ ಅಂತ ಉಳಿದವರು ಬಿಟ್ಟುಕೊಟ್ಟ ಜಾಗ ಅದು.

ಭಾಗ 6/8: ಸಿನಿಮಾ ಕೊಟ್ಟ "ಪುರಾತನ" ಕುಣಿತ

ಈಗ ಎಲ್ಲರಿಗೂ ಗೊತ್ತಿರೋ ಕುಣಿತ. ಸಾಲಾಗಿ ನಿಂತು, ಹೆಗಲ ಮೇಲೆ ಕೈ, ಮೊದಲು ನಿಧಾನ, ಆಮೇಲೆ ಓಟ. ಅದು "ಸಿರ್ತಾಕಿ". ವಯಸ್ಸು ಎಷ್ಟಿರಬಹುದು ಹೇಳಿ? ಹುಟ್ಟಿದ್ದು 1964ರಲ್ಲಿ. ಕಾಕೊಯಾನಿಸ್ ನಿರ್ದೇಶನದ "ಝೋರ್ಬಾ ದ ಗ್ರೀಕ್" ಸಿನಿಮಾಕ್ಕಾಗಿ ಯೋರ್ಗೋಸ್ ಪ್ರೊವಿಯಾಸ್ ಹೆಣೆದ ನೃತ್ಯ ಇದು. ಸಂಗೀತ ಮಿಕಿಸ್ ಥಿಯೊಡೊರಾಕಿಸ್. ಪರದೆ ಮೇಲೆ ಕುಣಿದ ಆಂಥೊನಿ ಕ್ವಿನ್ ಮೆಕ್ಸಿಕೋದಲ್ಲಿ ಹುಟ್ಟಿದವರು!

ಹಾಗಂತ ಗಾಳಿಯಲ್ಲಿ ಹುಟ್ಟಿದ್ದೇನಲ್ಲ. ಇದಕ್ಕೆ ಬುನಾದಿ "ಹಸಾಪಿಕೊ", ಅಂದರೆ ಕಸಾಯಿಗಳ ಕುಣಿತ. ಗ್ರೀಕಿನ "ಹಸಾಪಿಸ್" ತುರ್ಕಿಯಿಂದ, ತುರ್ಕಿಗೆ ಅರಬ್ಬಿಯಿಂದ ಬಂದದ್ದು. ನಮ್ಮಲ್ಲಿ "ಕಸಾಬ" ಅಂತಾರಲ್ಲ, ಅದೇ ಪದ.

ನಿಜವಾಗಿ ಹಳೆಯ ಹಳ್ಳಿ ಕುಣಿತ ಬೇಕಾದರೆ "ಕಲಮತಿಯಾನೋಸ್" ನೋಡಿ. ಕೈ ಕೈ ಹಿಡಿದು ವೃತ್ತಾಕಾರ, ಏಳು ಎಣಿಕೆಯ ತಾಳ, 3+2+2. ಸಂಗೀತ ಕಲಿತವರು ಮಿಶ್ರ ಛಾಪು ಹಾಕಿ ನೋಡಿ, ಕಾಲು ತಾನಾಗೇ ಕೂಡ್ಕೊಳ್ಳತ್ತೆ.

ಭಾಗ 7/8: ಹಾಡು ಹೊರಗೆ, ಹಾಡು ಕಟ್ಟಿದವ ಜೈಲಲ್ಲಿ

1967ರ ಏಪ್ರಿಲ್ 21ರಂದು ಗ್ರೀಸಿನಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ಜೂನ್ 1ರಂದು ಸೇನಾ ಆದೇಶ ಸಂಖ್ಯೆ 13 ಬಂತು: ಥಿಯೊಡೊರಾಕಿಸ್ ಸಂಗೀತ ನುಡಿಸೋದು, ಹಾಡೋದು ನಿಷಿದ್ಧ. ಅವರು ಎಡಪಂಥೀಯರು. ಆಗಸ್ಟಿನಲ್ಲಿ ಬಂಧನ, ಆಮೇಲೆ ಝಾತೂನಾ ಅನ್ನೋ ಗುಡ್ಡಗಾಡು ಹಳ್ಳಿಗೆ ಗಡಿಪಾರು, ಆಮೇಲೆ ಒರೊಪೋಸ್ ಶಿಬಿರ. ಬಿಡುಗಡೆ 1970ರಲ್ಲಿ. ಅಂದರೆ ಹೊರಗಿನ ಜಗತ್ತು ಝೋರ್ಬಾ ಟ್ಯೂನಿಗೆ ಕುಣಿದು "ಇದೇ ಗ್ರೀಸ್" ಅಂತಿದ್ದಾಗ, ಅದನ್ನ ಕಟ್ಟಿದ ಮನುಷ್ಯ ಗ್ರೀಸಿನಲ್ಲೇ ಬಂಧನದಲ್ಲಿದ್ದರು. ಅವರ ತಾಯಿ ಎಲ್ಲಿಯವರು ಗೊತ್ತಾ? ಸ್ಮಿರ್ನಾದ ಹತ್ತಿರದ ಚೆಶ್ಮೆ ಊರಿನವರು.

ಇದೇ ಸರ್ಕಾರ 1969ರಲ್ಲಿ ತಟ್ಟೆ ಒಡೆಯೋದನ್ನೂ ನಿಷೇಧಿಸಿತು. ಇವತ್ತು ಹಾಡುಗಾರರ ಮೇಲೆ ಜನ ಹೂವು ಎಸೀತಾರೆ. ಇನ್ನು ಊಟದ ಕೊನೆಯ ಕಾಫಿ: ಸಣ್ಣ ಕಪ್ಪು, ತಳದಲ್ಲಿ ಗಸಿ. ಅದನ್ನ "ತುರ್ಕಿ ಕಾಫಿ" ಅಂತಲೇ ಕರೀತಿದ್ದರು. 1974ರಲ್ಲಿ ತುರ್ಕಿ ಸೈನ್ಯ ಸೈಪ್ರಸ್‌ಗೆ ನುಗ್ಗಿದ ಮೇಲೆ "ಗ್ರೀಕ್ ಕಾಫಿ" ಅನ್ನೋ ಹೆಸರು ಗಟ್ಟಿಯಾಯ್ತು. ಪುಡಿ ಅದೇ, ಪಾತ್ರೆ ಅದೇ, ಹೆಸರು ಮಾತ್ರ ಬೇರೆ.

ಭಾಗ 8/8: ಹಾಗಾದ್ರೆ ಎಲ್ಲಾ ಸುಳ್ಳಾ?

ಅಲ್ಲ. ಈ ಪೋಸ್ಟ್ ಓದಿ "ಅಯ್ಯೋ, ಎಲ್ಲಾ ಪ್ರವಾಸಿಗರಿಗೆ ಮಾಡಿದ ನಾಟಕ" ಅಂದ್ಕೊಂಡ್ರೆ ಅದೂ ತಪ್ಪೇ. ಇಕಾರಿಯಾ ದ್ವೀಪದ "ಪನಿಯಿರಿ" ನೋಡಿ. ಅಂದರೆ ಊರ ಸಂತನ ಹಬ್ಬ, ನಮ್ಮ ಜಾತ್ರೆ ಇದ್ದ ಹಾಗೆ. ಬೇಸಿಗೆಯಲ್ಲಿ ಒಂದಾದ ಮೇಲೊಂದು ಹಳ್ಳಿಯಲ್ಲಿ ನಡೆಯತ್ತೆ, ಆಗಸ್ಟ್ 15ರದ್ದು ದೊಡ್ಡದು. ಉದ್ದನೆ ಮೇಜು, ಆಡಿನ ಮಾಂಸ, ಊರಿನ ವೈನ್, ಪಿಟೀಲು, ಬೆಳಗಿನ ಜಾವದವರೆಗೆ ಕುಣಿತ. ಅಡುಗೆ, ಬಡಿಸೋದು ಹಳ್ಳಿಯವರದ್ದೇ. ಊಟ ಮಾರಿ ಬಂದ ದುಡ್ಡು ಊರಿನ ರಸ್ತೆ, ಶಾಲೆಯಂಥ ಕೆಲಸಕ್ಕೆ ಹೋಗತ್ತೆ. ಕುಣಿಯೋ ವೃತ್ತಕ್ಕೆ ಹೊಸಬರು ಬಂದು ಸೇರ್ತಾ ಹೋದ ಹಾಗೆ ವೃತ್ತ ದೊಡ್ಡದಾಗತ್ತೆ ಅಷ್ಟೇ.

ಪರಂಪರೆ ಅಂದ್ರೆ ಹಳೇ ವಸ್ತು ಅಂತ ನಾವು ಪರೀಕ್ಷೆಯಲ್ಲಿ ಬರೀತೀವಿ. ಈ ಮೇಜಿನ ಮೇಲಿರೋದು ಹೆಚ್ಚಾಗಿ ಹೊಸದೇ. ಹಳೆಯದು ಅಂದ್ರೆ ಮಧ್ಯದಲ್ಲಿ ತಟ್ಟೆ ಇಡೋ ಅಭ್ಯಾಸ. ಸ್ಪಾರ್ಟಾದಲ್ಲಿ ಬಡವನನ್ನ ಎಬ್ಬಿಸಿದರು, ಅಥೆನ್ಸಿನಲ್ಲಿ ಹೆಣ್ಣುಮಕ್ಕಳನ್ನ ಹೊರಗಿಟ್ಟರು, 1922ರಲ್ಲಿ ಬಂದವರನ್ನ ಮೊಸರಿನ ಹೆಸರಲ್ಲಿ ಆಡಿಕೊಂಡರು. ಇವತ್ತು ಆ ಬಂದವರ ಜೀರಿಗೆ, ಅವರ ರಾಗ, ಅವರ ಮಕ್ಕಳು ಕಟ್ಟಿದ ಟ್ಯೂನ್ ತೆಗೆದುಬಿಟ್ಟರೆ "ಗ್ರೀಕ್ ಸಂಜೆ" ಅನ್ನೋದೇ ಉಳಿಯಲ್ಲ.

ಒಂದು ಹೋಂವರ್ಕ್: ನಿಮ್ಮ ಮನೆಯಲ್ಲಿ "ಇದು ನಮ್ಮದೇ" ಅನ್ನೋ ಒಂದು ಅಡುಗೆ ತಗೊಳ್ಳಿ. ಅದರಲ್ಲಿರೋ ಪದಾರ್ಥ, ಅದರ ಹೆಸರು ಎಲ್ಲಿಂದ ಬಂತು ಅಂತ ಅಜ್ಜಿಯನ್ನೋ ನಿಘಂಟನ್ನೋ ಕೇಳಿ. ಸಿಕ್ಕಿದ್ದನ್ನ ಕಾಮೆಂಟಲ್ಲಿ ಬರೀರಿ. ಮೆಣಸಿನಕಾಯಿಯಿಂದ ಶುರು ಮಾಡಿದ್ರೆ ಮಜಾ ಇರತ್ತೆ.

#ಇತಿಹಾಸ #ಗ್ರೀಸ್ #ಊಟದಕಥೆ #ಕನ್ನಡದಲ್ಲಿಓದಿ